ಮಧ್ಯಾಹ್ನದ ನೆರಳಿಗೆ ಬೀಗ ಬೇಡ: ಕಲಬುರಗಿಯ ಮಹಾಪೌರರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಮಹಾಪೌರರಿಗೆ ನಮಸ್ಕಾರಗಳು.

ಇಪ್ಪತ್ತೊಂಬತ್ತು ವರ್ಷ ನಾನು ಬಸ್ ನಿರ್ವಾಹಕನಾಗಿದ್ದೆ. ಚಿಂಚೋಳಿ, ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಹಳ್ಳಿಗಳಿಂದ ಬೆಳಗಿನ ಮೊದಲ ಬಸ್ಸಿನಲ್ಲಿ ಜನರನ್ನು ಕಲಬುರಗಿಗೆ ಕರೆತಂದು, ಸಂಜೆ ಮತ್ತೆ ಅವರವರ ಊರಿಗೆ ಮುಟ್ಟಿಸಿದವನು. ಯಾರು ಕೋರ್ಟಿಗೆ ಬಂದಿದ್ದಾರೆ, ಯಾರು ದವಾಖಾನೆಗೆ, ಯಾರು ಪಹಣಿಗಾಗಿ, ಯಾರು ಪಿಂಚಣಿಗಾಗಿ ಎಂಬುದು ಟಿಕೆಟ್ ಕೊಡುವಾಗಲೇ ತಿಳಿಯುತ್ತಿತ್ತು. ಕೈಯಲ್ಲಿನ ಚೀಲ ನೋಡಿದರೆ ಸಾಕು. ಒಂದು ಕಡೆ ಕಾಗದಪತ್ರ, ಇನ್ನೊಂದು ಕಡೆ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿದ ಬುತ್ತಿ. ಬೆಳಿಗ್ಗೆ ಬಂದ ಅದೇ ಮುಖಗಳನ್ನು ಸಂಜೆ ನೋಡಿದಾಗ, ಮಧ್ಯಾಹ್ನ ಅವರು ಎಲ್ಲಿ ಕುಳಿತಿದ್ದರು ಎಂಬುದೂ ಗೊತ್ತಾಗುತ್ತಿತ್ತು. ನೆರಳು ಸಿಕ್ಕವರ ಮುಖ ಬೇರೆ, ಸಿಗದವರ ಮುಖ ಬೇರೆ.

ಆ ಮಧ್ಯಾಹ್ನದ ಬಗ್ಗೆ, ಆ ಹೊತ್ತಿನಲ್ಲಿ ಬೀಗ ಹಾಕಿರುವ ನಗರದ ಉದ್ಯಾನಗಳ ಬಗ್ಗೆಯೇ ಈ ಪತ್ರ.

ನಮ್ಮ ಕಲಬುರಗಿ ವಿಭಾಗದಲ್ಲಿ ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಸರ್ಕಾರಿ ಕಚೇರಿಗಳ ಸಮಯ ಬದಲಾಗುತ್ತದೆ. ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತವೆ. ಇದು ಒಳ್ಳೆಯ ಕ್ರಮ. ತಾಪಮಾನ 44 ಡಿಗ್ರಿ ಮುಟ್ಟುವ ಊರಿನಲ್ಲಿ ಮಧ್ಯಾಹ್ನ ಮನುಷ್ಯ ಹೊರಗೆ ಇರಬಾರದು ಎಂದು ಸರ್ಕಾರವೇ ಒಪ್ಪಿಕೊಂಡಂತಾಯಿತು. ಆದರೆ ಕಚೇರಿಯ ಬಾಗಿಲು 1.30ಕ್ಕೆ ಮುಚ್ಚಿದ ಮೇಲೆ ಸಿಬ್ಬಂದಿಗೆ ಮನೆಯಿದೆ, ಹಳ್ಳಿಯಿಂದ ಬಂದವರಿಗೆ ಏನಿದೆ? ಎಷ್ಟೋ ಹಳ್ಳಿಗಳಿಗೆ ಮರಳುವ ಬಸ್ಸು ಹೊರಡುವುದು ನಾಲ್ಕು ಗಂಟೆಗೆ, ಕೆಲವಕ್ಕೆ ಐದೂವರೆಗೆ. ನಡುವಿನ ಆ ಮೂರು ನಾಲ್ಕು ಗಂಟೆ ದಿನದ ಅತಿ ಕೆಟ್ಟ ಬಿಸಿಲಿನವು. ಕಚೇರಿಯ ಸಮಯವನ್ನು ಬದಲಿಸುವ ಆ ಎರಡು ತಿಂಗಳಲ್ಲಿ ಉದ್ಯಾನಗಳ ಸಮಯವನ್ನೂ ಬದಲಿಸಬೇಕೆಂದು ಯಾರಿಗೂ ಹೊಳೆದಿಲ್ಲ.

ಕಳೆದ ವರ್ಷದ ಮೇ ತಿಂಗಳಲ್ಲಿ ಒಂದು ದಿನ ಎರಡು ಗಂಟೆಯ ಹೊತ್ತಿಗೆ ಔಷಧಿ ತರಲು ಹೊರಟಿದ್ದೆ. ನಗರದ ಒಂದು ಬಡಾವಣೆಯ ಉದ್ಯಾನದ ಮುಂದೆ, ಗಟಾರದ ಕಲ್ಲಿನ ಮೇಲೆ ಒಬ್ಬ ಮುದುಕಿ ಮೊಮ್ಮಗನನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕುಳಿತಿದ್ದರು. ಕಾಂಪೌಂಡ್ ಗೋಡೆಯ ನೆರಳು ಒಂದು ಗೇಣು ಇತ್ತು. ಅದನ್ನು ಮಗುವಿನ ತಲೆಗೆ ಬಿಟ್ಟು, ತಾವು ಬಿಸಿಲಿನಲ್ಲಿ ಇದ್ದರು. ನನ್ನ ಹಳೆಯ ಮಾರ್ಗದ ಪ್ರಯಾಣಿಕರು. ನನ್ನನ್ನು ಗುರುತು ಹಿಡಿದು, "ಕಂಡಕ್ಟರಣ್ಣ, ಈ ಗೇಟು ತೆಗೆಸುತ್ತೀಯಾ?" ಎಂದು ಕೇಳಿದರು. ಗೇಟಿನ ಆಚೆ ಹತ್ತು ಹೆಜ್ಜೆಯಲ್ಲಿ ಹೊಂಗೆಯ ಮರಗಳು, ಕೆಳಗೆ ಖಾಲಿ ಬೆಂಚುಗಳು. ಗೇಟಿಗೆ ಬೀಗ. ಪಕ್ಕದಲ್ಲಿ ಫಲಕ: ಬೆಳಿಗ್ಗೆ 5ರಿಂದ 10, ಸಂಜೆ 4ರಿಂದ 8. ಒಳಗಿದ್ದ ಕಾವಲುಗಾರನನ್ನು ಕೂಗಿದೆ. ಅವನು ಕೆಟ್ಟವನಲ್ಲ. ಸಮಯ ಮೀರಿ ತೆರೆದರೆ ತನ್ನ ಕೆಲಸ ಹೋಗುತ್ತದೆ ಎಂದು ಕೈ ಮುಗಿದ. ಆ ತಾಯಿಯನ್ನು ಮತ್ತು ಮಗುವನ್ನು ನಮ್ಮ ಮನೆಗೆ ಕರೆದುಕೊಂಡು ಹೋದೆ. ದಿನಾ ಬರುವ ಅಷ್ಟೂ ಜನರಿಗೆ ನನ್ನ ಮನೆಯ ಪಡಸಾಲೆ ಸಾಲುವುದಿಲ್ಲ.

ಬೆಳಿಗ್ಗೆ 5ರಿಂದ 10, ಸಂಜೆ 4ರಿಂದ 8 ಎಂಬ ಈ ಸಮಯ ವಾಯುವಿಹಾರಕ್ಕೆ ಬರುವವರದು. ಅವರು ಬರಲಿ, ನಡೆಯಲಿ, ಆರೋಗ್ಯವಾಗಿರಲಿ. ನಾನೂ ಈಗ ಅವರಲ್ಲಿ ಒಬ್ಬ. ಆದರೆ ಉದ್ಯಾನವೆಂದರೆ ನಡಿಗೆಯ ದಾರಿ ಮಾತ್ರ ಎಂದು ನಾವು ಎಂದಿನಿಂದ ತಿಳಿದುಕೊಂಡೆವು? ಈ ಊರಿನ ಮೊದಲಿನ ತಿಳಿವಳಿಕೆ ಹಾಗಿರಲಿಲ್ಲ.

ನಾವೆಲ್ಲ ಪಬ್ಲಿಕ್ ಗಾರ್ಡನ್ ಎಂದು ಕರೆಯುವ ಸಾರ್ವಜನಿಕ ಉದ್ಯಾನವನ್ನೇ ನೋಡಿ. ಅದರ ಹಳೆಯ ಹೆಸರು ಮೆಹಬೂಬ್ ಗುಲ್ಶನ್. ಹೈದರಾಬಾದಿನ ಆರನೆಯ ನಿಜಾಮ ಮೀರ್ ಮೆಹಬೂಬ್ ಅಲಿ ಖಾನ್ 1869ರಿಂದ 1911ರವರೆಗೆ ಆಳಿದರು. ಅವರ ಹೆಸರು ಈ ಊರಿನಲ್ಲಿ ಎರಡು ಕಡೆ ಅಂಟಿಕೊಂಡಿತು. ಒಂದು ಈ ತೋಟಕ್ಕೆ, ಇನ್ನೊಂದು ಬಟ್ಟೆಯ ಗಿರಣಿಗೆ. ಎಂ.ಎಸ್.ಕೆ. ಮಿಲ್ ಎಂದು ಸಾವಿರಾರು ಸಲ ಕೂಗಿ ಜನರನ್ನು ಇಳಿಸಿದ್ದೇನೆ. ಅದು ಮೆಹಬೂಬ್ ಶಾಹಿ ಕಲಬುರಗಿ ಮಿಲ್ ಎಂದು ನನಗೆ ತಿಳಿದದ್ದು ಕೆಲಸಕ್ಕೆ ಸೇರಿ ಹತ್ತು ವರ್ಷವಾದ ಮೇಲೆ, ಒಬ್ಬ ಹಳೆಯ ಮಿಲ್ ಕಾರ್ಮಿಕರಿಂದ. ಆ ಕಾಲದಲ್ಲಿ ಊರು ಹೊಸದಾಗಿ ಬೆಳೆಯುತ್ತಿತ್ತು. ಮುಂಬೈಯಿಂದ ಸೊಲ್ಲಾಪುರ ದಾಟಿ ಬಂದ ರೈಲುಹಳಿ 1871ರಲ್ಲಿ ರಾಯಚೂರಿನಲ್ಲಿ ಮದ್ರಾಸಿನ ಹಳಿಗೆ ಕೂಡಿತು, ಕಲಬುರಗಿ ಆ ದಾರಿಯ ಮೇಲಿನ ನಿಲ್ದಾಣವಾಯಿತು. ರೈಲು ಬಂತು, ಗಿರಣಿ ಬಂತು, ಕಚೇರಿಗಳು ಬಂದವು, ಹೊರಗಿನ ಜನ ಬಂದರು. ಬಂದವರು ಕುಳಿತುಕೊಳ್ಳಲು ಒಂದು ತೋಟವೂ ಬೇಕಾಯಿತು. ಹೈದರಾಬಾದಿನಲ್ಲಿ 1846ರಲ್ಲೇ ಅಂಥದ್ದೊಂದು ತೋಟವಿತ್ತು, ಅದರ ಹೆಸರೇ ಬಾಗ್-ಎ-ಆಮ್. ಆಮ್ ಎಂದರೆ ಎಲ್ಲರದು, ಸಾಮಾನ್ಯರದು. ಅರಸೊತ್ತಿಗೆಯ ಕಾಲದ ಹೆಸರಿನಲ್ಲೇ ಆ ಮಾತು ಇದೆ.

ನಮ್ಮ ತಂದೆ ಜಮೀನಿನ ಒಂದು ವ್ಯಾಜ್ಯಕ್ಕಾಗಿ ವರ್ಷಗಟ್ಟಲೆ ಈ ಊರಿಗೆ ಓಡಾಡಿದರು. ಶಾಲೆಗೆ ರಜೆ ಇದ್ದಾಗ ನನ್ನನ್ನೂ ಕರೆತರುತ್ತಿದ್ದರು. ಕೋರ್ಟಿನಲ್ಲಿ ಹೆಸರು ಕೂಗಿ, ಮುಂದಿನ ತಾರೀಖು ಕೊಟ್ಟು ಕಳಿಸಿದ ಮೇಲೆ ನಾವು ಪಬ್ಲಿಕ್ ಗಾರ್ಡನ್ನಿಗೆ ಹೋಗಿ ಬೇವಿನ ಮರದ ಕೆಳಗೆ ಬುತ್ತಿ ಬಿಚ್ಚುತ್ತಿದ್ದೆವು. ತಂದೆ ತಲೆಯ ರುಮಾಲು ಬಿಚ್ಚಿ ಹಾಸಿ ಒಂದು ಗಳಿಗೆ ಕಣ್ಣು ಮುಚ್ಚುತ್ತಿದ್ದರು. ಪಕ್ಕದಲ್ಲಿ ಯಾರೋ ಜೇವರ್ಗಿಯವರು, ಇನ್ಯಾರೋ ಸೇಡಂನವರು, ರೊಟ್ಟಿ ಹಂಚಿಕೊಂಡು ಮಳೆಯ ಮಾತು, ತೊಗರಿಯ ದರದ ಮಾತು ಆಡುತ್ತಿದ್ದರು. ಮುಂದೆ ಅಲ್ಲಿನ ಚಿಕ್ಕ ಮೃಗಾಲಯವನ್ನು ತೋರಿಸಲು ನನ್ನ ಮಕ್ಕಳನ್ನು ಕರೆದುಕೊಂಡು ಹೋದಾಗಲೂ ನನ್ನ ಕಣ್ಣು ಹುಡುಕಿದ್ದು ಆ ಬೇವನ್ನೇ. ವ್ಯಾಜ್ಯದಲ್ಲಿ ನಾವು ಸೋತೆವು. ಆದರೆ ತಂದೆ ಕಲಬುರಗಿಯನ್ನು ಎಂದೂ ಬೈಯಲಿಲ್ಲ. ಆ ಊರು ತನ್ನನ್ನು ನಿಲ್ಲಿಸಿಕೊಂಡಿತು, ಕೂರಿಸಿಕೊಂಡಿತು ಎನ್ನುತ್ತಿದ್ದರು.

ನೆರಳನ್ನು ಕೊಡುವುದು ಈ ಊರಿಗೆ ಹೊಸದಲ್ಲ. 1347ರಲ್ಲಿ ಬಹಮನಿಗಳ ರಾಜಧಾನಿಯಾದ ಊರು ಇದು. ಕೋಟೆಯೊಳಗಿನ ಜಾಮಾ ಮಸೀದಿ 1367ರದು. ಬೇರೆ ಊರುಗಳ ದೊಡ್ಡ ಮಸೀದಿಗಳಲ್ಲಿ ನಡುವೆ ತೆರೆದ ಅಂಗಳವಿರುತ್ತದೆ. ನಮ್ಮ ಕೋಟೆಯ ಮಸೀದಿಯಲ್ಲಿ ಅಂಗಳವೇ ಇಲ್ಲ, ಇಡೀ ನೆಲದ ಮೇಲೆ ಗುಮ್ಮಟಗಳ ಚಾವಣಿ. ಮೇ ತಿಂಗಳ ಉರಿಯಿಂದ ಆ ಕಮಾನುಗಳ ಸಾಲಿನೊಳಗೆ ಕಾಲಿಟ್ಟವರಿಗೆ ಅದರ ಬೆಲೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಇನ್ನು ಶರಣಬಸವೇಶ್ವರರ ದಾಸೋಹದ ಊರು ಇದು. ಹಸಿದು ಬಂದವರನ್ನು ಜಾತಿ, ಊರು ಕೇಳದೆ ಉಣ್ಣಿಸುವ ಪದ್ಧತಿಯನ್ನು ನಾವು ಇಂದಿಗೂ ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಬಂದೇ ನವಾಜರ ದರ್ಗಾದ ಆವರಣದಲ್ಲಿ ಕುಳಿತವರನ್ನೂ ಯಾರೂ ಸಮಯ ನೋಡಿ ಎಬ್ಬಿಸುವುದಿಲ್ಲ. ಉಣ್ಣಿಸುವ ಊರಿಗೆ ಕೂರಿಸಲು ಬಾರದೆ?

ಬೀಗ ಹಾಕುವವರ ಮಾತನ್ನೂ ನಾನು ಕೇಳಿಸಿಕೊಂಡಿದ್ದೇನೆ. ಮಧ್ಯಾಹ್ನ ತೆರೆದಿಟ್ಟರೆ ಪುಂಡರು ಸೇರುತ್ತಾರೆ, ಕುಡಿಯುವವರು ಬರುತ್ತಾರೆ, ಗಿಡಗಳಿಗೆ ನೀರು ಹಾಯಿಸಲು ಆಗುವುದಿಲ್ಲ ಎನ್ನುತ್ತಾರೆ. ನೀರು ಹಾಯಿಸಲು ನಸುಕು ಮತ್ತು ಸಂಜೆಯೇ ಸರಿಯಾದ ಹೊತ್ತು. ಉರಿಬಿಸಿಲಿನಲ್ಲಿ ಹಾಕಿದ ನೀರು ಬೇರಿಗೆ ಹೋಗುವ ಮೊದಲೇ ಆವಿಯಾಗುತ್ತದೆ, ಇದು ಒಕ್ಕಲುತನ ಬಲ್ಲವರೆಲ್ಲರಿಗೂ ಗೊತ್ತು. ಪುಂಡರ ವಿಚಾರಕ್ಕೆ ನನ್ನ ಕೆಲಸದ ಅನುಭವವನ್ನೇ ಹೇಳುತ್ತೇನೆ. ರಾತ್ರಿಯ ಕೊನೆಯ ಬಸ್ಸಿನಲ್ಲಿ ನಾಲ್ಕೇ ಜನ ಇದ್ದಾಗ ಹಿಂದಿನ ಸೀಟಿನಲ್ಲಿ ಬಾಟಲಿ ತೆರೆಯುತ್ತಿತ್ತು, ಜಗಳ ಏಳುತ್ತಿತ್ತು. ತಾಯಂದಿರು, ಮಕ್ಕಳು, ಮುದುಕರು ತುಂಬಿದ ಬಸ್ಸಿನಲ್ಲಿ ಬಾಟಲಿ ಹೊರತೆಗೆಯುವ ಧೈರ್ಯ ಯಾರಿಗೂ ಇರಲಿಲ್ಲ. ಬೀಗ ಹಾಕಿದ ಉದ್ಯಾನಕ್ಕೂ ಗೋಡೆ ಹಾರಿ ಬರುವವರು ಬರುತ್ತಾರೆ. ಬಾರದೆ ಉಳಿಯುವವರು ಗೋಡೆ ಹಾರಲಾರದ ಮುದುಕಿಯರು ಮಾತ್ರ.

ನೆರಳು ಎಂದಾಗ ಯಾವ ಮರ ಎಂಬುದೂ ಮುಖ್ಯ, ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಗುಲ್‌ಮೊಹರ್ ಹೂ ಬಿಟ್ಟಾಗ ಕಣ್ಣಿಗೆ ಹಬ್ಬ, ಆದರೆ ಏಪ್ರಿಲ್, ಮೇ ತಿಂಗಳಲ್ಲಿ ಅದರ ಮೈಮೇಲೆ ಎಲೆಗಿಂತ ಹೂವೇ ಹೆಚ್ಚು. ಅಲಂಕಾರದ ತಾಳೆಯ ನೆರಳು ಒಬ್ಬರ ತಲೆಗೂ ಸಾಲದು. ಹೊಂಗೆ ಮತ್ತು ಬೇವು ಹಾಗಲ್ಲ. ಬೇಸಿಗೆ ಏರುತ್ತಿರುವಾಗಲೇ ಹಳೆಯ ಎಲೆ ಉದುರಿಸಿ, ಎಲ್ಲವೂ ಒಣಗಿ ನಿಂತ ಏಪ್ರಿಲ್‌ನಲ್ಲಿ ಹಸಿರು ತುಂಬಿಕೊಂಡಿರುತ್ತವೆ. ನಮ್ಮ ಎರೆಮಣ್ಣು ಬೇಸಿಗೆಯಲ್ಲಿ ಅಂಗೈ ಅಗಲ ಬಿರುಕು ಬಿಡುತ್ತದೆ, ಮಳೆ ಬಂದರೆ ಉಬ್ಬುತ್ತದೆ. ಆ ಮಣ್ಣಿನಲ್ಲಿ ಒಮ್ಮೆ ಬೇರೂರಿದ ಬೇವು ಮೂರು ತಲೆಮಾರು ನಿಲ್ಲುತ್ತದೆ. ಆದುದರಿಂದ ಉದ್ಯಾನ ಅಭಿವೃದ್ಧಿ ಎಂದು ಕಡತ ಬಂದಾಗ, ಅದರಲ್ಲಿ ಎಷ್ಟು ಚದರ ಅಡಿ ಫರಸಿ (ಹಾಸುಗಲ್ಲು), ಎಷ್ಟು ಚದರ ಅಡಿ ಪೇವರ್ ಇಟ್ಟಿಗೆ ಎಂದು ಮೊದಲು ನೋಡಿ. ಶಹಾಬಾದ್ ಕಲ್ಲು ಮನೆಯೊಳಗೆ ಎಷ್ಟು ತಂಪೋ, ಬಿಸಿಲಿಗೆ ಬಿದ್ದಾಗ ಅಷ್ಟೇ ಸುಡುತ್ತದೆ, ಸೂರ್ಯ ಮುಳುಗಿದ ಮೇಲೂ ಕಾವು ಬಿಡುವುದಿಲ್ಲ. ಮರದ ಬುಡದವರೆಗೂ ಕಲ್ಲು ಜೋಡಿಸಿದರೆ ನೀರು ಇಳಿಯುವುದಿಲ್ಲ, ಮರ ಒಳಗಿಂದೊಳಗೇ ಸೊರಗುತ್ತದೆ. ಬುಡದ ಸುತ್ತ ಮಣ್ಣು ಮಣ್ಣಾಗಿಯೇ ಇರಲಿ. ಹೊಸ ಕಾರಂಜಿಗೆ ಇಡುವ ಹಣದಲ್ಲಿ ನೂರು ಹೊಂಗೆಯ ಸಸಿ ನೆಟ್ಟು, ಮೂರು ಬೇಸಿಗೆ ಅವಕ್ಕೆ ನೀರುಣಿಸುವ ಆಳಿಗೆ ಸಂಬಳ ಕೊಡಿ.

ಜಾಗವನ್ನೂ ಕಾಯಬೇಕಾಗಿದೆ. ಉದ್ಯಾನ, ಆಟದ ಮೈದಾನ ಮತ್ತು ಬಯಲು ಜಾಗಗಳನ್ನು ಉಳಿಸುವುದಕ್ಕೆಂದೇ ನಮ್ಮ ರಾಜ್ಯದಲ್ಲಿ 1985ರ ಕಾಯ್ದೆಯಿದೆ. ತಮ್ಮ ವ್ಯಾಪ್ತಿಯ ಅಂಥ ಜಾಗಗಳ ಪಟ್ಟಿಯನ್ನು ನಕ್ಷೆಸಹಿತ ಸಿದ್ಧಪಡಿಸುವ ಹೊಣೆಯನ್ನು ಅದು ಸ್ಥಳೀಯ ಸಂಸ್ಥೆಗಳ ಮೇಲೆ ಇಟ್ಟಿದೆ. ಬೆಂಗಳೂರಿನ ಒಂದು ಬಡಾವಣೆಯಲ್ಲಿ ಉದ್ಯಾನಕ್ಕೆಂದು ಬಿಟ್ಟಿದ್ದ ಜಾಗವನ್ನು ಖಾಸಗಿ ನರ್ಸಿಂಗ್ ಹೋಮಿಗೆ ಕೊಟ್ಟಾಗ ಅಲ್ಲಿನ ನಿವಾಸಿಗಳು ನ್ಯಾಯಾಲಯಕ್ಕೆ ಹೋದರು. 1991ರಲ್ಲಿ ಸುಪ್ರೀಂ ಕೋರ್ಟ್ ಆ ಹಂಚಿಕೆ ಸಲ್ಲದು ಎಂದಿತು. ಆಸ್ಪತ್ರೆಯಂಥ ಒಳ್ಳೆಯ ಕೆಲಸಕ್ಕೂ ಜನರ ಉದ್ಯಾನವನ್ನು ಬಿಟ್ಟುಕೊಡಲಾಗದು ಎಂದ ಮೇಲೆ, ಉಳಿದ ನೆಪಗಳ ಮಾತೇನು? 2011ರ ಜನಗಣತಿಯಲ್ಲೇ ಐದು ಲಕ್ಷ ದಾಟಿದ ಊರು ನಮ್ಮದು. ಪ್ರತಿ ವಾರ್ಡಿನ ಉದ್ಯಾನಗಳ ಹೆಸರು ಮತ್ತು ಅಳತೆಯನ್ನು ಕನ್ನಡದಲ್ಲಿ ಬರೆಸಿ ಆಯಾ ಉದ್ಯಾನದ ಗೇಟಿನಲ್ಲೇ ಹಾಕಿಸಿ. ಎಷ್ಟು ಗುಂಟೆ ನಮ್ಮದು ಎಂದು ಓದಿ ತಿಳಿದವರು ಅದು ಕರಗುವಾಗ ಸುಮ್ಮನಿರುವುದಿಲ್ಲ. ಪಬ್ಲಿಕ್ ಗಾರ್ಡನ್ನಿನ ಬಾಗಿಲಲ್ಲಿ ಮೆಹಬೂಬ್ ಗುಲ್ಶನ್ ಎಂಬ ಹಳೆಯ ಹೆಸರನ್ನೂ, ಅದು ಬಂದ ಬಗೆಯನ್ನೂ ಕನ್ನಡ ಮತ್ತು ಉರ್ದುವಿನಲ್ಲಿ ಕೆತ್ತಿದ ಕಲ್ಲೊಂದು ನಿಲ್ಲಲಿ. ಕಲ್ಲಿಗೆ ಈ ಜಿಲ್ಲೆಯಲ್ಲಿ ಬರವಿಲ್ಲ.

ಆದರೆ ಇವೆಲ್ಲ ಮುಂದಿನ ಮಳೆಗಾಲದ ಹೊತ್ತಿಗೆ ಆದರೂ ನಡೆದೀತು. ಬೀಗದ ಕೆಲಸ ಮಾತ್ರ ಈ ಬೇಸಿಗೆಯೊಳಗೆ ಆಗಬೇಕು. ಮಾರ್ಚ್‌ನಿಂದ ಮೊದಲ ಮಳೆ ಬೀಳುವವರೆಗೆ ನಗರದ ಎಲ್ಲ ಉದ್ಯಾನಗಳೂ ಬೆಳಿಗ್ಗೆಯಿಂದ ರಾತ್ರಿಯವರೆಗೆ ನಡುವೆ ಮುಚ್ಚದೆ ತೆರೆದಿರಲಿ. ಒಳಗೆ ಒಂದು ಅರವಟಿಗೆ ಇರಲಿ, ಒದ್ದೆ ಬಟ್ಟೆ ಸುತ್ತಿದ ನಾಲ್ಕು ಮಣ್ಣಿನ ಗಡಿಗೆ ಸಾಕು. ಹೆಣ್ಣುಮಕ್ಕಳ ಶೌಚಾಲಯದ ಬಾಗಿಲೂ ತೆರೆದಿರಲಿ. ದಾರಿಯಲ್ಲಿ ಶೌಚಾಲಯ ಸಿಗದೆಂದು ಬೆಳಗಿನಿಂದ ನೀರನ್ನೇ ಕುಡಿಯದೆ ಬರುವ ತಾಯಂದಿರನ್ನು ನನ್ನ ಬಸ್ಸಿನಲ್ಲಿ ಎಷ್ಟು ಮಂದಿಯನ್ನು ಕಂಡಿದ್ದೇನೋ ಲೆಕ್ಕವಿಲ್ಲ. ಅಂಥವರಿಗೇ ಬಿಸಿಲು ಮೊದಲು ಬಡಿಯುತ್ತದೆ. ಕಾವಲುಗಾರನಿಗೆ ಎರಡನೆಯ ಪಾಳಿಯವನೊಬ್ಬ ಜೊತೆಯಾಗಬೇಕು. ಖರ್ಚು ಎಂದರೆ ಮುಖ್ಯವಾಗಿ ಅದೇ.

ಯಾವ ಊರಿಗೆ ಮಧ್ಯಾಹ್ನ 1.30ರ ನಂತರ ಮೊದಲ ಬಸ್ಸು ಎಷ್ಟು ಹೊತ್ತಿಗೆ ಹೊರಡುತ್ತದೆ ಎಂದು ನಿಲ್ದಾಣದಲ್ಲಿ ಕುಳಿತು ಮೂರು ದಿನ ಬರೆದುಕೊಂಡಿದ್ದೇನೆ. ಎರಡು ಹಾಳೆಯ ಪಟ್ಟಿ. ಯಾವ ಉದ್ಯಾನವನ್ನು ಮೊದಲು ತೆರೆಯಬೇಕೆಂದು ತೀರ್ಮಾನಿಸಲು ಅದು ತಮಗೆ ಬೇಕಾಗಬಹುದು. ತಾವು ಹೇಳಿದ ದಿನ ತಂದು ಕೊಡುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಬಸ್ ನಿರ್ವಾಹಕ
ಕಲಬುರಗಿ