ಕಾಡ್ಗಿಚ್ಚಿನ ಎಣಿಕೆ ಬೇರೆ, ಹೊಗೆಯ ತೂಕ ಬೇರೆ

ಮಾನ್ಯ ಸಂಪಾದಕರೇ,

ಬೇಸಿಗೆ ಬಂತೆಂದರೆ ‘ದೇಶದಲ್ಲಿ ಕಾಡ್ಗಿಚ್ಚು ಇಷ್ಟು ಸಾವಿರ ಹೆಚ್ಚಿತು’, ‘ಕಳೆದ ಬಾರಿಗಿಂತ ಇಳಿಯಿತು’ ಎಂಬ ಸುದ್ದಿಗಳು ಪತ್ರಿಕೆಗಳಲ್ಲಿ ಬರುತ್ತವೆ. ಬೆನ್ನಿಗೇ, ಹಸಿರುಮನೆ ಅನಿಲಗಳೂ ಅದೇ ಪ್ರಮಾಣದಲ್ಲಿ ಏರಿದವು ಅಥವಾ ಇಳಿದವು ಎಂಬ ಮಾತು ಸೇರಿಕೊಳ್ಳುತ್ತದೆ. ಈ ಎರಡನೆಯ ಮಾತಿಗೆ ಬಹುತೇಕ ಆಧಾರವೇ ಇರುವುದಿಲ್ಲ.

ಭಾರತೀಯ ಅರಣ್ಯ ಸರ್ವೇಕ್ಷಣಾ ಸಂಸ್ಥೆಯ ಅಂಕಿಗಳನ್ನೇ ನೋಡಿ. 2020ರ ನವೆಂಬರ್‌ನಿಂದ 2021ರ ಜೂನ್‌ವರೆಗೆ ಉಪಗ್ರಹದಲ್ಲಿರುವ ಮೋಡಿಸ್ ಎಂಬ ಸಂವೇದಕ ಗುರುತಿಸಿದ ಬೆಂಕಿಬಿಂದುಗಳು 52,785. ಅದೇ ಅವಧಿಯಲ್ಲಿ ಉಪಗ್ರಹದ ಇನ್ನೊಂದು ಸಂವೇದಕ ವಿಐಐಆರ್‌ಎಸ್ ಗುರುತಿಸಿದ್ದು 3,45,989. ಅದೇ ದೇಶ, ಅದೇ ಕಾಡು, ಅದೇ ಎಂಟು ತಿಂಗಳು. ಎಣಿಕೆ ಮಾತ್ರ ಆರೂವರೆ ಪಟ್ಟು. ಮೋಡಿಸ್ ನೆಲವನ್ನು ಒಂದು ಕಿಲೋಮೀಟರ್ ಚೌಕಗಳಾಗಿ ನೋಡಿದರೆ ವಿಐಐಆರ್‌ಎಸ್ 375 ಮೀಟರ್ ಚೌಕಗಳಾಗಿ ನೋಡುತ್ತದೆ, ಸಣ್ಣ ಬೆಂಕಿಯೂ ಅದರ ಕಣ್ಣಿಗೆ ಬೀಳುತ್ತದೆ. ಹಳೆಯ ವರ್ಷಗಳ ಮೋಡಿಸ್ ಅಂಕಿಗೆ ಹೊಸ ವರ್ಷಗಳ ವಿಐಐಆರ್‌ಎಸ್ ಅಂಕಿ ಜೋಡಿಸಿ ಗೆರೆ ಎಳೆದರೆ ಕಾಣುವುದು ಉಪಕರಣದ ಬದಲಾವಣೆಯೇ ಹೊರತು ಕಾಡಿನದಲ್ಲ.

ಒಂದೇ ಸಂವೇದಕದ ಅಂಕಿಗಳನ್ನು ಹೋಲಿಸಬಹುದು, ನಿಜ. ವಿಐಐಆರ್‌ಎಸ್ ಪ್ರಕಾರ 2021–22ರಲ್ಲಿ 2,23,333, 2022–23ರಲ್ಲಿ 2,12,249, 2023–24ರಲ್ಲಿ 2,03,544 ಬಿಂದುಗಳು. ಆದರೆ ಬಿಂದು ಎಂದರೆ ಒಂದು ಬೆಂಕಿಯೂ ಅಲ್ಲ, ಒಂದು ಹೆಕ್ಟೇರೂ ಅಲ್ಲ. ಮೂರು ದಿನ ಉರಿದ ಒಂದೇ ಕಿಚ್ಚು ಹತ್ತಾರು ಬಿಂದುಗಳಾಗಿ ದಾಖಲಾಗುತ್ತದೆ. ಮಧ್ಯಾಹ್ನ ಎರಡರ ನಂತರ ಹತ್ತಿ, ಕತ್ತಲಾಗುವುದರೊಳಗೆ ಆರಿದ ನೆಲಬೆಂಕಿ ಉಪಗ್ರಹ ಹಾದುಹೋಗುವ ಎರಡು ಹೊತ್ತಿನ ನಡುವೆ ಬಿದ್ದು ಲೆಕ್ಕಕ್ಕೇ ಸಿಗದೆ ಹೋಗಬಹುದು. ದಟ್ಟ ಮರಗಳ ಕೆಳಗೆ ತರಗೆಲೆ ಮಾತ್ರ ಸುಡುವ ಬೆಂಕಿಯದೂ ಅದೇ ಪಾಡು. ಬೇಸಿಗೆಗೆ ಮುಂಚೆ ಅರಣ್ಯ ಸಿಬ್ಬಂದಿಯೇ ಬೆಂಕಿರೇಖೆ (ಕಿಚ್ಚು ಹರಡದಂತೆ ಮೊದಲೇ ಸುಟ್ಟು ಬರಿದುಮಾಡಿದ ಪಟ್ಟಿ) ಮಾಡಲು ಹಚ್ಚುವ ಬೆಂಕಿಯಂತೂ ಕಾಡ್ಗಿಚ್ಚಿನ ಎಣಿಕೆಯೊಳಗೆ ಸೇರಿಬಿಡುವ ಸಾಧ್ಯತೆ ಇದೆ. ಒಳ್ಳೆಯ ಕೆಲಸ ಮಾಡಿದ ವಲಯವೇ ಪಟ್ಟಿಯಲ್ಲಿ ಕೆಟ್ಟದಾಗಿ ಕಾಣುವುದು ಹೀಗೆ.

ಅನಿಲದ ಲೆಕ್ಕಕ್ಕೆ ಬೇಕಾದದ್ದು ನಾಲ್ಕು ಅಂಕಿ: ಸುಟ್ಟ ವಿಸ್ತೀರ್ಣ, ಹೆಕ್ಟೇರಿಗೆ ಎಷ್ಟು ಟನ್ ಒಣ ಉರುವಲು, ಅದರಲ್ಲಿ ನಿಜವಾಗಿ ಉರಿದ ಪಾಲು, ಮತ್ತು ಉರಿದ ಪ್ರತಿ ಕಿಲೋಗೆ ಹೊರಬರುವ ಅನಿಲ. ವಿಶ್ವಸಂಸ್ಥೆಯ ಹವಾಮಾನ ಬದಲಾವಣೆ ಸಮಿತಿಯಾದ ಐಪಿಸಿಸಿಯ 2006ರ ಮಾರ್ಗಸೂಚಿ ಉಷ್ಣವಲಯದ ಕಾಡಿಗೆ ಕೊಡುವ ಗುಣಾಂಕಗಳಂತೆ, ಒಂದು ಕಿಲೋ ಒಣ ಉರುವಲು ಸುಟ್ಟರೆ 1,580 ಗ್ರಾಂ ಇಂಗಾಲದ ಡೈಆಕ್ಸೈಡ್, 6.8 ಗ್ರಾಂ ಮೀಥೇನ್, 0.20 ಗ್ರಾಂ ನೈಟ್ರಸ್ ಆಕ್ಸೈಡ್ ಹೊರಬರುತ್ತವೆ.

2019ರ ಫೆಬ್ರುವರಿಯಲ್ಲಿ ಬಂಡೀಪುರದಲ್ಲಿ ಸುಟ್ಟದ್ದು ಸುಮಾರು 4,400 ಹೆಕ್ಟೇರ್. ಹೆಕ್ಟೇರಿಗೆ 5 ಟನ್ ಉರುವಲು ಇತ್ತು, ಅರ್ಧ ಸುಟ್ಟಿತು ಎಂದು ಹಿಡಿಯೋಣ. ಇಂಗಾಲದ ಡೈಆಕ್ಸೈಡಿಗಿಂತ (ಸಿಒ2) ಎಷ್ಟು ಪಟ್ಟು ಹೆಚ್ಚು ಶಾಖ ಹಿಡಿದಿಡುತ್ತವೆ ಎಂಬುದಕ್ಕೆ ತಕ್ಕಂತೆ ಮೀಥೇನನ್ನು 28ರಿಂದ, ನೈಟ್ರಸ್ ಆಕ್ಸೈಡನ್ನು 265ರಿಂದ ಗುಣಿಸಿ ಕೂಡಿದರೆ ಸುಮಾರು 20,000 ಟನ್ ಸಿಒ2 ಸಮಾನ. ಉರುವಲು 10 ಟನ್ ಇತ್ತೆಂದರೆ 40,000. ಆ ಹತ್ತರಲ್ಲಿ ಎಂಟು ಟನ್ ಉರಿಯಿತೆಂದರೆ 64,000. ವಿಸ್ತೀರ್ಣ ಒಂದಿಷ್ಟೂ ಬದಲಾಗಿಲ್ಲ. ಉತ್ತರ ಮೂರು ಪಟ್ಟು ಜಿಗಿಯಿತು. ಅನಿಶ್ಚಿತತೆ ಕುಳಿತಿರುವುದು ಉಪಗ್ರಹದಲ್ಲಿ ಮಾತ್ರವಲ್ಲ, ನೆಲದ ಮೇಲಿನ ಹುಲ್ಲು, ತರಗು, ಲಂಟಾನದಲ್ಲಿ.

ಆ ಉರುವಲು ವರ್ಷದಿಂದ ವರ್ಷಕ್ಕೆ ಒಂದೇ ಇರುವುದಿಲ್ಲ. ಮುಂಗಾರು ಚೆನ್ನಾಗಿ ಆದರೆ ಹುಲ್ಲು ಆಳೆತ್ತರ ಬೆಳೆದು, ಮುಂದಿನ ಮಾರ್ಚ್‌ಗೆ ಅದೇ ಒಣಗಿ ನಿಂತಿರುತ್ತದೆ. ಬಿದಿರು ಹೂಬಿಟ್ಟು ಸತ್ತ ಮೇಲಿನ ವರ್ಷಗಳಲ್ಲಿ ಒಣ ಬಿದಿರಿನ ರಾಶಿ. ಲಂಟಾನ ಪೊದೆಯಂತೂ ನೆಲದ ಬೆಂಕಿಯನ್ನು ಮರದ ತಲೆಗೆ ಹತ್ತಿಸುವ ಏಣಿ. ಹೀಗಿರುವಾಗ ಎಲ್ಲ ವರ್ಷಕ್ಕೂ ಎಲ್ಲ ಕಾಡಿಗೂ ಒಂದೇ ಸರಾಸರಿ ಹಾಕಿ ‘ಕಾಲಕ್ರಮದ ಪ್ರವೃತ್ತಿ’ ತೋರಿಸುವುದು ಸರಿಯಲ್ಲ.

ಅಳೆಯುವುದು ಕಷ್ಟದ ಕೆಲಸವೂ ಅಲ್ಲ. ಎಲೆ ಪೂರ್ತಿ ಉದುರಿದ ಮೇಲೆ, ಒಂದೊಂದು ಬಗೆಯ ಕಾಡಿನಲ್ಲೂ 1 ಮೀಟರ್ ಚೌಕಗಳನ್ನು ಗುರುತಿಸಿ ಹುಲ್ಲು, ತರಗೆಲೆಗಳನ್ನು ಬೇರೆಬೇರೆಯಾಗಿ ತೂಗಬೇಕು. ಲಂಟಾನಕ್ಕೆ 5 ಮೀಟರ್ ಚೌಕ ಬೇಕು. ಒಂದು ಪಾಲನ್ನು ಪ್ರಯೋಗಾಲಯದ ಓವನ್‌ನಲ್ಲಿ ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿಸಿ ಒಣತೂಕ ಕಂಡುಕೊಳ್ಳಬೇಕು. ಬೆಂಕಿ ಬಿದ್ದರೆ ಸುಟ್ಟ ಜಾಗದಲ್ಲಿ ಉಳಿದದ್ದನ್ನು ತೂಗಿದರೆ ಉರಿದ ಪಾಲು ಸಿಗುತ್ತದೆ. ತಪ್ಪುವುದು ಎಲ್ಲಿ ಎಂದರೆ, ಹಸಿತೂಕವನ್ನೇ ಬರೆದುಕೊಳ್ಳುವುದು, ಎಲೆ ಉದುರುವ ಮುನ್ನವೇ ಡಿಸೆಂಬರಿನಲ್ಲಿ ಅಳೆದು ಮುಗಿಸುವುದು, ರಸ್ತೆ ಪಕ್ಕದ ಸವರಿದ ಜಾಗದಲ್ಲಿ ಚೌಕ ಹಾಕುವುದು.

ಸುಟ್ಟ ವಿಸ್ತೀರ್ಣಕ್ಕೆ ಯುರೋಪಿನ ಸೆಂಟಿನೆಲ್–2 ಉಪಗ್ರಹಗಳ ಚಿತ್ರಗಳು ಉಚಿತವಾಗಿ ಸಿಗುತ್ತವೆ. ಎಚ್ಚರಿಕೆ ಒಂದೇ: ಎಲೆ ಉದುರುವ ಕಾಡಿನಲ್ಲಿ ಬೋಳಾದ ಜಾಗವೂ ಸುಟ್ಟ ಜಾಗದ ಹಾಗೇ ಕಂಡು ಮೋಸ ಮಾಡುತ್ತದೆ. ಆದ್ದರಿಂದ ಬೆಂಕಿಯ ಹಿಂದಿನ ವಾರದ ಚಿತ್ರ ಮತ್ತು ಮುಂದಿನ ವಾರದ ಚಿತ್ರವನ್ನೇ ಹೋಲಿಸಬೇಕು. ತಡಮಾಡಿದರೆ ಮೊದಲ ಮಳೆಗೆ ಬೂದಿ ತೊಳೆದು, ಹೊಸ ಹುಲ್ಲು ಚಿಗುರಿ ಗುರುತು ಅಳಿಸುತ್ತದೆ.

ಇನ್ನೊಂದು ಗೊಂದಲವನ್ನೂ ಹೇಳಬೇಕು. ಸುಟ್ಟ ಹುಲ್ಲು ಮುಂದಿನ ಮಳೆಗಾಲದಲ್ಲಿ ಮತ್ತೆ ಬೆಳೆದು ಅದೇ ಡೈಆಕ್ಸೈಡನ್ನು ಹೀರಿಕೊಳ್ಳುತ್ತದೆ. ಮೀಥೇನ್ ಮತ್ತು ನೈಟ್ರಸ್ ಆಕ್ಸೈಡ್ ಹಾಗೆ ಮರಳುವುದಿಲ್ಲ, ಅವನ್ನು ಯಾವಾಗಲೂ ಎಣಿಸಬೇಕು. ಮರಗಳು ಸತ್ತರೆ ಅವು ಕೊಳೆಯುತ್ತಾ ವರ್ಷಗಟ್ಟಲೆ ಇಂಗಾಲ ಬಿಡುತ್ತವೆ. ಇಡೀ ಕಾಡಿನ ಇಂಗಾಲ ಸಂಗ್ರಹವನ್ನು ಎರಡು ಕಾಲಘಟ್ಟದಲ್ಲಿ ಅಳೆದು ವ್ಯತ್ಯಾಸ ತೆಗೆಯುವ ವಿಧಾನದಲ್ಲಿ ಈ ನಷ್ಟ ಆಗಲೇ ಒಳಗೆ ಸೇರಿರುತ್ತದೆ. ಅದರ ಮೇಲೆ ಬೆಂಕಿಯ ಡೈಆಕ್ಸೈಡನ್ನು ಮತ್ತೆ ಕೂಡಿದರೆ ಎರಡು ಬಾರಿ ಎಣಿಸಿದಂತೆ.

2020ರಲ್ಲಿ ಭಾರತದ ಒಟ್ಟು ಹೊರಸೂಸುವಿಕೆ 295.9 ಕೋಟಿ ಟನ್ ಸಿಒ2 ಸಮಾನ. ಅರಣ್ಯ ಮತ್ತು ಭೂಬಳಕೆ ವಲಯ ಅದರಲ್ಲಿ ಸುಮಾರು 52 ಕೋಟಿ ಟನ್ ಹೀರಿಕೊಂಡಿತೆಂದು ವಿಶ್ವಸಂಸ್ಥೆಗೆ ಸಲ್ಲಿಸಿದ ವರದಿ ಹೇಳುತ್ತದೆ. ಇಷ್ಟು ದೊಡ್ಡ ಭರವಸೆಯನ್ನು ಕಾಡಿನ ಮೇಲೆ ಹೊರಿಸಿರುವಾಗ, ಆ ಕಾಡು ಪ್ರತಿ ಬೇಸಿಗೆ ಎಷ್ಟು ಕಳೆದುಕೊಳ್ಳುತ್ತದೆ ಎಂಬುದನ್ನು ಬಿಂದುಗಳಲ್ಲಿ ಹೇಳಿ ಸುಮ್ಮನಾಗುವುದು ಸಾಲದು. ನಮ್ಮ ಅರಣ್ಯ ಇಲಾಖೆ ಪ್ರತಿ ವರ್ಷ ಜುಲೈ ಹೊತ್ತಿಗೆ, ಕಾಡಿನ ಬಗೆವಾರು ಸುಟ್ಟ ಹೆಕ್ಟೇರ್ ಮತ್ತು ಉರುವಲಿನ ಅಳತೆಯನ್ನು ವಲಯವಾರು ಪ್ರಕಟಿಸಲಿ. ಇಲಾಖೆಯೇ ಹಚ್ಚಿದ ಬೆಂಕಿರೇಖೆಗಳನ್ನು ಪ್ರತ್ಯೇಕ ಕಾಲಂನಲ್ಲಿ ತೋರಿಸಲಿ. ತಾವೂ ಎಣಿಕೆ ಅಚ್ಚು ಹಾಕುವಾಗ ಯಾವ ಸಂವೇದಕ, ಯಾವ ತಿಂಗಳಿಂದ ಯಾವ ತಿಂಗಳವರೆಗೆ ಎಂಬುದನ್ನು ಅಂಕಿಯ ಪಕ್ಕದಲ್ಲೇ ನಮೂದಿಸಬೇಕೆಂದು ವಿನಂತಿ.