ಹನ್ನೆರಡು ಚಿತ್ರ, ಕನ್ನಡ ಸಬ್‌ಟೈಟಲ್: ಕೈಜೋಡಿಸಿದ ಎಲ್ಲರಿಗೂ

ಬ್ರಿಟಿಷ್ ನಟ ಅಲೆಕ್ ಗಿನ್ನೆಸ್ ಅವರ ಹನ್ನೆರಡನೆಯ ಚಿತ್ರದ ಕನ್ನಡ ಸಬ್‌ಟೈಟಲ್ ಮುಗಿದಿದೆ. 1946ರ 'ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್'ನ ಹರ್ಬರ್ಟ್ ಪಾಕೆಟ್‌ನಿಂದ 1984ರ 'ಎ ಪ್ಯಾಸೇಜ್ ಟು ಇಂಡಿಯಾ'ದ ಪ್ರೊಫೆಸರ್ ಗೋಡ್ಬೋಲೆಯವರೆಗೆ, ಕನ್ನಡ ಓದಬಲ್ಲ ಯಾರು ಬೇಕಾದರೂ ಈಗ ಕುಳಿತು ನೋಡಬಹುದು. ಇದಕ್ಕೆ ಕೈಜೋಡಿಸಿದವರು ಬಹಳ ಮಂದಿ. ಬರೀ 'ಎಲ್ಲರಿಗೂ ಧನ್ಯವಾದ' ಎಂದರೆ ಅವರು ಪಟ್ಟ ಶ್ರಮ ಯಾರಿಗೂ ತಿಳಿಯುವುದಿಲ್ಲ. ಯಾವ ಗಂಟನ್ನು ಹೇಗೆ ಬಿಡಿಸಿಕೊಟ್ಟರು ಎಂದು ಬರೆದಿಟ್ಟರೆ ಮುಂದೆ ಇಂಥ ಕೆಲಸಕ್ಕೆ ಇಳಿಯುವವರಿಗೂ ಆಗಿಬರುತ್ತದೆ.

ಮೊದಲ ನಮಸ್ಕಾರ ಚಿತ್ರಪಟ್ಟಿಯನ್ನು ಸೋಸಿಕೊಟ್ಟವರಿಗೆ. ಗಿನ್ನೆಸ್ ಚಿತ್ರಗಳನ್ನು ಹುಡುಕಹೊರಟವರು ಎಡವುವುದೇ ಹೆಸರಿನಲ್ಲಿ. ಬ್ರಿಟನ್ನಿನಲ್ಲಿ ಒಂದು ಹೆಸರು, ಅಮೆರಿಕದಲ್ಲಿ ಇನ್ನೊಂದು. 1952ರ 'ದಿ ಕಾರ್ಡ್' ಅಲ್ಲಿ 'ದಿ ಪ್ರೊಮೋಟರ್' ಆಯಿತು, 1954ರ 'ಫಾದರ್ ಬ್ರೌನ್' 'ದಿ ಡಿಟೆಕ್ಟಿವ್' ಆಯಿತು, 1957ರ 'ಬಾರ್ನಕಲ್ ಬಿಲ್' 'ಆಲ್ ಅಟ್ ಸೀ' ಆಯಿತು. ಎಚ್ಚರ ತಪ್ಪಿದರೆ ಮೂರು ಚಿತ್ರ ಆರಾಗಿ ಪಟ್ಟಿಯಲ್ಲಿ ಕೂರುತ್ತವೆ. 1934ರ 'ಈವನ್‌ಸಾಂಗ್'ನಲ್ಲಿ ಅವರು ಗುಂಪಿನಲ್ಲಿ ಒಬ್ಬರಾಗಿ ನಿಂತದ್ದುಂಟು. ಅದು ದಾಖಲೆಗೆ ಸರಿ, ಆದರೆ ಸಿನಿಮಾದಲ್ಲಿ ಅವರಿಗೆ ಪಾತ್ರ ಅಂತ ಸಿಕ್ಕಿದ್ದು ಹನ್ನೆರಡು ವರ್ಷದ ಮೇಲೆ. 2015ರ 'ಸ್ಟಾರ್ ವಾರ್ಸ್' ಚಿತ್ರದಲ್ಲೂ ಅವರ ದನಿ ಕೇಳುತ್ತದೆ. ಹಳೆಯ ಧ್ವನಿಮುದ್ರಣದ 'ಅಫ್ರೇಡ್' ಎಂಬ ಪದದೊಳಗಿಂದ, ನಾಯಕಿಯ ಹೆಸರಾದ 'ರೇ' ಎಂಬಷ್ಟನ್ನು ಕತ್ತರಿಸಿ ತೆಗೆದದ್ದು ಅದು. 2000ದಲ್ಲಿ ತೀರಿಕೊಂಡವರ ಲೆಕ್ಕಕ್ಕೆ ಅದನ್ನು ಹೊಸ ಪಾತ್ರವೆಂದು ಸೇರಿಸಬಾರದು ಎಂದು ಪಟ್ಟುಹಿಡಿದವರಿಗೆ ವಿಶೇಷ ವಂದನೆ.

ಇನ್ನು ಸಮಯದ ಹೊಂದಾಣಿಕೆ. 'ಮಾತು ಒಂದು ಕಡೆ, ಅಕ್ಷರ ಒಂದು ಕಡೆ' ಎಂಬ ದೂರು ಬಂದಾಗಲೆಲ್ಲ ತಾಳ್ಮೆಯಿಂದ ಗಡಿಯಾರ ಹಿಡಿದು ಕುಳಿತವರ ಋಣ ದೊಡ್ಡದು. ಸಿನಿಮಾ ಓಡುವುದು ಸೆಕೆಂಡಿಗೆ 24 ಫ್ರೇಮ್. ಬ್ರಿಟನ್ನಿನ ಹಳೆಯ ಡಿವಿಡಿಗಳು ಪಾಲ್ ಎಂಬ ಟಿವಿ ಪದ್ಧತಿಯವು, ಓಡುವುದು 25ರಲ್ಲಿ. ಹಾಗಾಗಿ 106 ನಿಮಿಷದ 'ಕೈಂಡ್ ಹಾರ್ಟ್ಸ್ ಅಂಡ್ ಕೊರೊನೆಟ್ಸ್' ಆ ಡಿಸ್ಕಿನಲ್ಲಿ ಸುಮಾರು 101 ನಿಮಿಷ 46 ಸೆಕೆಂಡಿಗೇ ಮುಗಿಯುತ್ತದೆ. ಅದಕ್ಕೆ ಮಾಡಿದ ಫೈಲನ್ನು 24ರಲ್ಲೇ ಓಡುವ ಬ್ಲೂ-ರೇಗೆ ಹಾಕಿದರೆ ಕೊನೆಯ ಹೊತ್ತಿಗೆ ಸಬ್‌ಟೈಟಲ್ ನಾಲ್ಕು ನಿಮಿಷ ಮುಂದೆ ಓಡಿರುತ್ತದೆ. ಅವರು ಕಲಿಸಿದ ಪರೀಕ್ಷೆ ಸುಲಭ: ಚಿತ್ರದ ಮೊದಲ ಮಾತನ್ನೂ ಕೊನೆಯ ಮಾತನ್ನೂ ನೋಡಿ. ಎರಡೂ ಕಡೆ ಅಂತರ ಒಂದೇ ಇದ್ದರೆ ಇಡೀ ಫೈಲನ್ನು ಅಷ್ಟು ಸರಿಸಿದರೆ ಸಾಕು. ಅಂತರ ಬರಬರುತ್ತ ಬೆಳೆದರೆ ವೇಗದ ವ್ಯತ್ಯಾಸ. ಪಾಲ್ ಡಿಸ್ಕಿನ ಫೈಲಾದರೆ ಪ್ರತಿ ಸಮಯವನ್ನೂ 1.0417ರಿಂದ ಗುಣಿಸಬೇಕು. ನಡುವೆ ಎಲ್ಲೋ ಒಮ್ಮೆಗೇ ಜಿಗಿದರೆ ನಿಮ್ಮ ಕೈಯಲ್ಲಿರುವುದು ಬೇರೆ ಆವೃತ್ತಿ.

ಆ ಮೂರನೆಯದೇ ಕಾಡಿದ್ದು. 1948ರ 'ಆಲಿವರ್ ಟ್ವಿಸ್ಟ್'ನಲ್ಲಿ ಗಿನ್ನೆಸ್ ಹಾಕಿಕೊಂಡ ಫೇಗಿನ್‌ನ ಮೂಗು ಯಹೂದಿಗಳನ್ನು ಹೀಯಾಳಿಸುವಂತಿದೆ ಎಂಬ ಪ್ರತಿಭಟನೆಯಿಂದಾಗಿ ಅಮೆರಿಕದಲ್ಲಿ ಚಿತ್ರ ಬಿಡುಗಡೆಯಾದದ್ದು 1951ರಲ್ಲಿ, ಅದೂ ಹಲವು ನಿಮಿಷ ಕತ್ತರಿಸಿ. (ಆ ಆಕ್ಷೇಪಕ್ಕೆ ಬಲವಾದ ಕಾರಣವಿತ್ತು. ಅಭಿಮಾನ ಎಷ್ಟಿದ್ದರೂ ಅದನ್ನು ಮುಚ್ಚಿಡಬಾರದು.) 'ಕೈಂಡ್ ಹಾರ್ಟ್ಸ್'ನ ಅಮೆರಿಕನ್ ಪ್ರತಿಯಲ್ಲಿ ಕೊನೆಗೆ ಕೆಲವು ಸೆಕೆಂಡ್ ಹೆಚ್ಚು: ಡಾಸ್ಕಾಯ್ನ್ ಮನೆತನದವರನ್ನು ಒಬ್ಬೊಬ್ಬರಾಗಿ ಮುಗಿಸುವ ನಾಯಕ ಲೂಯಿ ಮರೆತು ಬಿಟ್ಟುಬಂದ ಆತ್ಮಕಥೆ ಅಧಿಕಾರಿಗಳ ಕೈಗೆ ಸಿಕ್ಕಿತೆಂದು ಬಿಡಿಸಿ ತೋರಿಸಿದ್ದಾರೆ, ಕೊಲೆಗಾರನಿಗೆ ಶಿಕ್ಷೆ ತಪ್ಪಬಾರದೆಂಬ ಅಲ್ಲಿನ ನಿಯಮಕ್ಕಾಗಿ. ಎರಡೂ ಚಿತ್ರಗಳಿಗೆ ನಾವು ಬ್ರಿಟಿಷ್ ಪ್ರತಿಯನ್ನೇ ಆಧಾರವಾಗಿ ಇಟ್ಟುಕೊಂಡಿದ್ದೇವೆ.

ಕನ್ನಡ ಅಕ್ಷರಗಳ ಜವಾಬ್ದಾರಿ ಹೊತ್ತವರಿಗೆ ಎಷ್ಟು ಹೇಳಿದರೂ ಕಡಿಮೆ. ಇಂಗ್ಲಿಷಿನಲ್ಲಿ ಸಾಲಿಗೆ 42 ಅಕ್ಷರ ಎಂಬ ವಾಡಿಕೆ ಇದೆ. ನಮ್ಮ ಅಕ್ಷರ ಅಗಲ, ಕೆಳಗೆ ಒತ್ತು ಬೇರೆ. ಸಾಲಿಗೆ 30, ಪರದೆಗೆ ಎರಡೇ ಸಾಲು ಎಂದು ಅವರು ಗೆರೆ ಎಳೆದರು. ಸಾಲುಗಳ ನಡುವೆ ಅಂತರ ಕಡಿಮೆಯಾದರೆ ಮೇಲಿನ ಸಾಲಿನ 'ಸ್ತ್ರ', 'ಷ್ಟ್ರ'ಗಳ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ಹೋಗಿ ಅಂಟಿಕೊಳ್ಳುತ್ತದೆ. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪಾಗಿ ಬಂದ ಕರಡುಗಳನ್ನೆಲ್ಲ ಯೂನಿಕೋಡಿಗೆ ತಿರುಗಿಸಿ, ಯುಟಿಎಫ್-8 ಎಂಬ ಸಂಕೇತಪದ್ಧತಿಯಲ್ಲಿ ಉಳಿಸಿಕೊಟ್ಟವರೂ ಅವರೇ. ಹಾಗೆ ಉಳಿಸದಿದ್ದರೆ ಪರದೆಯ ತುಂಬ ಪ್ರಶ್ನಾರ್ಥಕ ಚಿಹ್ನೆ. ಪೆನ್‌ಡ್ರೈವ್ ಚುಚ್ಚಿ ನೋಡುವ ಅನೇಕ ಟಿವಿಗಳಿಗೆ ಒತ್ತಕ್ಷರ ಕೂಡಿಸಲು ಬಾರದು, 'ಕ್ಷ' ಮೂರು ತುಂಡಾಗಿ ಬೀಳುತ್ತದೆ. ಅಂಥ ಟಿವಿಯಿದ್ದವರು ತಮ್ಮ ಪ್ರತಿಯಲ್ಲಿ ಅಕ್ಷರವನ್ನು ಚಿತ್ರದ ಮೇಲೇ ಅಚ್ಚೊತ್ತಿಕೊಳ್ಳಬೇಕು.

ಅನುವಾದದಲ್ಲಿ ಅತ್ಯಂತ ಕಷ್ಟದ್ದು, ಅತ್ಯಂತ ಸಂತೋಷದ್ದು 1949ರ 'ಕೈಂಡ್ ಹಾರ್ಟ್ಸ್'. ಡಾಸ್ಕಾಯ್ನ್ ಮನೆತನದ ಎಂಟು ಜನರನ್ನೂ ಗಿನ್ನೆಸ್ ಒಬ್ಬರೇ ಆಡುತ್ತಾರೆ: ಡ್ಯೂಕ್, ಬ್ಯಾಂಕಿನ ಯಜಮಾನ, ಪಾದ್ರಿ, ಜನರಲ್, ಅಡ್ಮಿರಲ್, ಇಬ್ಬರು ತರುಣರು, ಲೇಡಿ ಅಗಾಥಾ. ಎಂಟಕ್ಕೂ ಒಂದೇ ಕನ್ನಡ ಬರೆದರೆ ಅವರ ಶ್ರಮವೆಲ್ಲ ನೀರುಪಾಲು. ನಿವೃತ್ತ ಕನ್ನಡ ಮೇಷ್ಟ್ರೊಬ್ಬರು ಕೂತು ದನಿ ಬೇರ್ಪಡಿಸಿಕೊಟ್ಟರು. ಪಾದ್ರಿಗೆ ಹಳೆಯ ಪಾಠಪುಸ್ತಕದ ಉದ್ದುದ್ದ ವಾಕ್ಯ, ಜನರಲ್‌ಗೆ ತುಂಡು ಮಾತು, ಡ್ಯೂಕ್ ಆಳುಕಾಳುಗಳಿಗೆ ಏಕವಚನ, ಅವನಿಗೆ ಲೂಯಿ ಕೊನೆಯ ತನಕ 'ತಾವು'. ಬಲೂನಿನಲ್ಲಿ ಹೊರಟ ಅಗಾಥಾಳಿಗೆ ಬಾಣ ಬಿಟ್ಟು ಲೂಯಿ ಹೇಳುವ ಪ್ರಾಸದ ಜೋಡಿಸಾಲು ಮೂರು ಕರಡಿನಲ್ಲೂ ಸಪ್ಪೆಯಾಗಿತ್ತು. ಅಂತ್ಯಪ್ರಾಸದ ಬೆನ್ನು ಬಿಡಿ, ನಮ್ಮಲ್ಲಿ ಎರಡನೆಯ ಅಕ್ಷರದ ಪ್ರಾಸವಿಲ್ಲವೇ ಎಂದವರು ಆ ಮೇಷ್ಟ್ರೇ. 'ಬಾಣವೊಂದ ಬಿಟ್ಟೆ ಮೇಲೆ, ಪ್ರಾಣ ಬಿತ್ತು ಬಾರ್ಕ್ಲಿ ಚೌಕದ ಮೇಲೆ' ಎಂದು ಈಗ ಓದಿಕೊಳ್ಳುತ್ತೀರಿ. ಸಾರ್, ಇದು ನಿಮ್ಮದು.

ಅದೇ ಚಿತ್ರದ ಚರ್ಚಿನ ದೃಶ್ಯದಲ್ಲಿ ಆರು ಗಿನ್ನೆಸ್‌ಗಳು ಒಂದೇ ಫ್ರೇಮಿನಲ್ಲಿ ಕಾಣುತ್ತಾರೆ. ಛಾಯಾಗ್ರಾಹಕ ಡಗ್ಲಸ್ ಸ್ಲೋಕೊಂಬ್ ಕ್ಯಾಮೆರಾವನ್ನು ಅಲುಗದಂತೆ ಬಿಗಿದು, ಒಂದು ಪಾತ್ರದ ಜಾಗ ಬಿಟ್ಟು ಉಳಿದದ್ದನ್ನು ಕಪ್ಪು ಮರೆಯಿಂದ ಮುಚ್ಚಿ ಚಿತ್ರಿಸಿ, ಫಿಲ್ಮನ್ನು ಹಿಂದಕ್ಕೆ ಸುತ್ತಿ, ಗಿನ್ನೆಸ್ ವೇಷ ಬದಲಿಸಿ ಬಂದ ಮೇಲೆ ಮುಂದಿನ ಜಾಗ ತೆರೆದು, ಹೀಗೆ ಆರು ಸಲ ಮಾಡಿದರು. ಕ್ಯಾಮೆರಾ ಕೂದಲೆಳೆಯಷ್ಟು ಸರಿದರೂ ಅಷ್ಟೂ ವ್ಯರ್ಥ, ಆದ್ದರಿಂದ ರಾತ್ರಿ ಅದರ ಪಕ್ಕದಲ್ಲೇ ಮಲಗಿದರು. ಆ ದೃಶ್ಯದಲ್ಲಿ ಸಬ್‌ಟೈಟಲ್ ಯಾವ ಮುಖಕ್ಕೂ ಅಡ್ಡ ಬರಬಾರದೆಂದು ಫ್ರೇಮ್ ಫ್ರೇಮ್ ನೋಡಿ ಸಾಲನ್ನು ಮೇಲಕ್ಕೂ ಕೆಳಕ್ಕೂ ಸರಿಸಿದ ಹುಬ್ಬಳ್ಳಿಯ ಗೆಳೆಯರಿಗೆ ಶರಣು.

'ದಿ ಬ್ರಿಜ್ ಆನ್ ದ ರಿವರ್ ಕ್ವಾಯ್' ಅವರಿಗೆ ಅತ್ಯುತ್ತಮ ನಟ ಆಸ್ಕರ್ ತಂದ ಚಿತ್ರ. ಶತ್ರುವಿಗೆ ಸೇತುವೆ ಕಟ್ಟಿಕೊಟ್ಟ ಕರ್ನಲ್ ನಿಕಲ್ಸನ್ ತನ್ನ ತಪ್ಪರಿತು ಸಾಯುವ ಮುನ್ನ ಆಡುವ ಮಾತು ಇಂಗ್ಲಿಷಿನಲ್ಲಿ ನಾಲ್ಕೇ ಪದ. ಮೊದಲ ಕರಡಿನಲ್ಲಿ 'ನಾನು ಮಾಡಿದ್ದಾದರೂ ಏನು?' ಎಂದಿತ್ತು. ಹಾಗೆಂದರೆ ಕನ್ನಡದ ಕಿವಿಗೆ 'ನನ್ನ ತಪ್ಪೇನು' ಎಂದು ವಾದಿಸಿದಂತೆ, ಅರ್ಥ ತಲೆಕೆಳಗು. 'ಏನು ಮಾಡಿಬಿಟ್ಟೆ ನಾನು...' ಎಂದು ತಿದ್ದಿದ ಮಂಡ್ಯದ ಅಕ್ಕನಿಗೆ ಅನಂತ ಧನ್ಯವಾದ. ಆ 'ಬಿಟ್ಟೆ'ಯಲ್ಲೇ ಇಡೀ ಪಾತ್ರವಿದೆ.

ಕಿವಿ ಕೇಳದ ನೋಡುಗರು ಒತ್ತಾಯಿಸಿರದಿದ್ದರೆ 1951ರ 'ದಿ ಮ್ಯಾನ್ ಇನ್ ದ ವೈಟ್ ಸೂಟ್' ಅರ್ಧಂಬರ್ಧವಾಗುತ್ತಿತ್ತು. ಪ್ರಯೋಗಶಾಲೆಯ ಗಾಜಿನ ಕೊಳವೆಗಳ ಗುಳುಗುಳು ಸದ್ದೇ ಅಲ್ಲಿ ಒಂದು ಪಾತ್ರ. ಧ್ವನಿ ಸಂಕಲನಕಾರ್ತಿ ಮೇರಿ ಹ್ಯಾಬರ್‌ಫೀಲ್ಡ್ ಅದರಲ್ಲಿ ಟ್ಯೂಬಾ, ಬಸೂನ್ ವಾದ್ಯಗಳನ್ನೂ ಬಳಸಿದ್ದರು. ಈಗ ಸದ್ದು ಬಂದಾಗಲೆಲ್ಲ ಅದಕ್ಕೂ ಒಂದು ಸಾಲು ಇದೆ.

ಚಿತ್ರಗಳನ್ನು ಉಳಿಸಿಕೊಟ್ಟವರು ನಮ್ಮ ಮಾತು ಓದಲಾರರು, ಆದರೂ ಹೇಳಬೇಕು. 1955ರ 'ದಿ ಲೇಡಿಕಿಲ್ಲರ್ಸ್' ಮೂರು ಪಟ್ಟಿಯ ಟೆಕ್ನಿಕಲರ್: ಒಂದೊಂದು ಬಣ್ಣಕ್ಕೆ ಒಂದೊಂದು ಕಪ್ಪು-ಬಿಳುಪು ನೆಗೆಟಿವ್. ವಯಸ್ಸಾದಂತೆ ಮೂರೂ ಒಂದೇ ಅಳತೆಗೆ ಕುಗ್ಗುವುದಿಲ್ಲ, ಆಗ ಅಂಚುಗಳಲ್ಲಿ ಬಣ್ಣ ಚೆದುರುತ್ತದೆ. ಅವನ್ನು ಮತ್ತೆ ಕೂಡಿಸಿದ ಹೊಸ ಪ್ರತಿಯಲ್ಲಿ ಗಿನ್ನೆಸ್ ಆಡಿದ ಪ್ರೊಫೆಸರ್ ಮಾರ್ಕಸ್‌ನ ಕಟ್ಟಿಸಿದ ಹಲ್ಲುಗಳು ಕಾಣುವ ಬಗೆಯೇ ಬೇರೆ. 1962ರ 'ಲಾರೆನ್ಸ್ ಆಫ್ ಅರೇಬಿಯಾ'ವನ್ನು 1989ಕ್ಕೆ ಸರಿಪಡಿಸುವಾಗ ಕೆಲವು ದೃಶ್ಯಗಳ ಧ್ವನಿಯೇ ಇರಲಿಲ್ಲ. ಕಾಲು ಶತಮಾನದ ಮೇಲೆ ಗಿನ್ನೆಸ್ ಬಂದು ತಮ್ಮ ಪಾತ್ರವಾದ ರಾಜಕುಮಾರ ಫೈಸಲ್‌ನ ಆ ಮಾತುಗಳನ್ನು ಮತ್ತೆ ಆಡಿಕೊಟ್ಟರು.

'ಎ ಪ್ಯಾಸೇಜ್ ಟು ಇಂಡಿಯಾ' ನಮ್ಮ ನೆಲದ್ದೇ. ಕಥೆಯ ಊರಾದ ಚಂದ್ರಪೋರದ ಪೇಟೆ ಎದ್ದದ್ದು ಬೆಂಗಳೂರು ಅರಮನೆಯ ಮೈದಾನದಲ್ಲಿ, ಕಥೆಯ ಗುಹೆಗಳಿರುವ ಮರಾಬಾರ್ ಬೆಟ್ಟಗಳಾದದ್ದು ಸಾವನದುರ್ಗ, ರಾಮದೇವರ ಬೆಟ್ಟ, ರೈಲು ನೀಲಗಿರಿಯದು. ಬಿಹಾರದ ಬರಾಬರ್ ಗುಹೆಗಳ ಪರಿಸರ ನಿರ್ದೇಶಕ ಡೇವಿಡ್ ಲೀನ್‌ಗೆ ಒಪ್ಪಿಗೆಯಾಗದೆ ಇಲ್ಲಿ ಬಂಡೆಯಲ್ಲಿ ಗುಹೆಯ ಬಾಯಿ ಕೊರೆಸಿದರು. ಯಾವ ದೃಶ್ಯ ಯಾವ ಬಂಡೆ ಎಂದು ಗುರುತಿಸಿಕೊಟ್ಟ ರಾಮನಗರ, ಮಾಗಡಿಯವರಿಗೆ ಕೈಮುಗಿಯುತ್ತೇವೆ. ಗೋಡ್ಬೋಲೆ ಗಿನ್ನೆಸ್ ಅವರ ಒಳ್ಳೆಯ ಪಾತ್ರವಲ್ಲ. ಮುಖಕ್ಕೆ ಕಂದು ಬಣ್ಣ ಬಳಿದು ಭಾರತೀಯನನ್ನು ಆಡಿದ್ದು ನಮಗೆ ಹಿತವಾಗದು, ಅವರು ಕಷ್ಟಪಟ್ಟು ಕಲಿತ ನೃತ್ಯವನ್ನೂ ಲೀನ್ ಕತ್ತರಿಸಿಬಿಟ್ಟರು. ಆದರೂ ಪೂಜೆ ಮುಗಿಯುವ ಹೊತ್ತಿನ ಲೆಕ್ಕ ತಪ್ಪಿ ರೈಲು ತಪ್ಪಿಸಿಕೊಂಡವನ ಮಾತನ್ನು ನಗೆಪಾಟಲಾಗದಂತೆ ಕನ್ನಡಿಸಿದ ಇಬ್ಬರು ತಂಗಿಯರ ಕೆಲಸ ದೊಡ್ಡದು.

ಮುಂದಿನದು 1979ರ ಬಿಬಿಸಿ ಧಾರಾವಾಹಿ 'ಟಿಂಕರ್ ಟೇಲರ್ ಸೋಲ್ಜರ್ ಸ್ಪೈ'. ಬ್ರಿಟನ್ನಿನಲ್ಲಿ ಏಳು ಕಂತು, ಅಮೆರಿಕಕ್ಕೆ ಹೋಗುವಾಗ ಆರಾಯಿತು. ನಮ್ಮ ಫೈಲು ಏಳರದು, ಆರರ ಪ್ರತಿಗೆ ಹಾಕಬೇಡಿ. ಗಿನ್ನೆಸ್ ಆಡುವ ಗೂಢಚಾರ ಸ್ಮೈಲಿ ಮಾತು ನಿಲ್ಲಿಸಿದ ಕೂಡಲೇ ಪರದೆಯಿಂದ ಅಕ್ಷರ ತೆಗೆಯಬೇಕು, ಆ ಮೌನದಲ್ಲಿ ಮುಖ ನೋಡಬೇಕು ಎಂಬ ನಿಯಮ ಮಾಡಿರುವ ಮೊದಲ ಕಂತಿನ ಅನುವಾದಕರಿಗೆ ಈಗಲೇ ಧನ್ಯವಾದ. ಕಂತು ಶುರುವಾಗುವುದೇ ನಾಲ್ವರು ಒಬ್ಬೊಬ್ಬರಾಗಿ ಕೋಣೆಗೆ ಬಂದು ಕೂರುವುದರಿಂದ. ನಾಲ್ಕನೆಯವನು ಕೂರುವ ತನಕ ಅವರ ಫೈಲಿನಲ್ಲಿ ಒಂದು ಸಾಲೂ ಇಲ್ಲ.