ದುರ್ಗದ ಬೈಲಿನ ತಕ್ಕಡಿಗೆ ಒಂದು ಕಾನೂನು, ಮೊಬೈಲಿನ ಬೆಲೆಗೆ ಇನ್ನೊಂದಾ?

ಕೇಂದ್ರ ಗ್ರಾಹಕ ವ್ಯವಹಾರಗಳ ಸಚಿವರೂ ನಮ್ಮ ಸಂಸದರೂ ಆದ ಶ್ರೀ ಪ್ರಲ್ಹಾದ ಜೋಶಿ ಅವರಿಗೆ ಒಂದು ಬಹಿರಂಗ ಪತ್ರ

ಸನ್ಮಾನ್ಯ ಜೋಶಿಯವರೇ,

ನಮಸ್ಕಾರ. ನಮ್ಮ ಹುಬ್ಬಳ್ಳಿಯ ದುರ್ಗದ ಬೈಲು, ಜವಳಿ ಸಾಲು, ದಾಜಿಬಾನ ಪೇಟೆ, ಕೊಪ್ಪಿಕರ್ ರಸ್ತೆ. ಇವನ್ನೆಲ್ಲ ನಿಮಗೆ ಪರಿಚಯ ಮಾಡಿಕೊಡಬೇಕಾಗಿಲ್ಲ. 2004ರಿಂದ ನೀವು ಈ ಭಾಗದ ಸಂಸದರು. 2024ರ ಜೂನ್‌ನಲ್ಲಿ ಗ್ರಾಹಕ ವ್ಯವಹಾರಗಳ ಖಾತೆಯೂ ನಿಮಗೆ ಬಂತು. ಆನ್‌ಲೈನ್ ಅಂಗಡಿಗಳು ಗ್ರಾಹಕರ ಜೊತೆ ಹೇಗೆ ನಡೆದುಕೊಳ್ಳಬೇಕು ಅನ್ನೋ ನಿಯಮ ಮಾಡುವುದು ಅದೇ ಖಾತೆ. ತೂಕ, ಅಳತೆ, ಎಂಆರ್‌ಪಿ ಕಾನೂನು ಕೂಡ ಅದರ ಕೆಳಗೇ ಬರುತ್ತದೆ. ಆನ್‌ಲೈನ್ ಮಾರಾಟದಿಂದ ಈ ಬಜಾರಗಳ ವ್ಯಾಪಾರ ಇಳಿದಿರುವುದರ ಬಗ್ಗೆ ಹೇಳಬೇಕಿದೆ, ಹಾಗಾಗಿ ಮಹಾಪೌರರಿಗೆ, ಶಾಸಕರಿಗೆ ಬರೆಯುವುದು ಬಿಟ್ಟು ನೇರವಾಗಿ ನಿಮಗೇ ಬರೆಯುತ್ತಿದ್ದೇನೆ.

ನಾನು ವ್ಯಾಪಾರಿ ಅಲ್ಲ, ವ್ಯಾಪಾರಿಗಳ ಲೆಕ್ಕ ಬರೆಯುವವನು. ಬಟ್ಟೆ, ಭಾಂಡೆ, ಚಪ್ಪಲಿ, ಮಿಕ್ಸರ್, ಮೊಬೈಲ್ ಮಾರುವ ಸಣ್ಣ ಅಂಗಡಿಗಳ ಖರೀದಿ ಬಿಲ್ಲು, ಮಾರಾಟದ ಬಿಲ್ಲು, ಜಿಎಸ್‌ಟಿ ರಿಟರ್ನ್ ಎಲ್ಲಾ ನನ್ನ ಟೇಬಲ್ ಮೇಲೆ ಹಾದು ಹೋಗುತ್ತವೆ. ಸಾವ್ಕಾರರು ಬಾಯಲ್ಲಿ "ಎಲ್ಲಾ ಚೊಲೋ ನಡದೈತ್ರಿ" ಅನ್ನುತ್ತಾರೆ. ಬಿಲ್ಲುಗಳು ಹಾಗೆ ಅನ್ನುವುದಿಲ್ಲ.

ನೀವು ಊರಿಗೆ ಬರುವುದು ಹೆಚ್ಚಾಗಿ ಹಬ್ಬಗಳಲ್ಲಿ, ಸಮಾರಂಭಗಳಲ್ಲಿ. ಗಣೇಶನ ಹಬ್ಬದಲ್ಲಿ, ದೀಪಾವಳಿಯಲ್ಲಿ ದುರ್ಗದ ಬೈಲಿನಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ರಂಜಾನ್ ತಿಂಗಳ ರಾತ್ರಿ ಶಾ ಬಜಾರ್ ನೋಡಿದರೆ ವ್ಯಾಪಾರ ಬಿದ್ದುಹೋಗಿದೆ ಅಂತ ಯಾರೂ ನಂಬಲ್ಲ. ದಯವಿಟ್ಟು ಆ ಗದ್ದಲ ನೋಡಿ ಮೋಸ ಹೋಗಬೇಡಿ. ಇಳಿದಿರುವುದು ಹಬ್ಬದ ವ್ಯಾಪಾರ ಅಲ್ಲ. ಯಾವ ವಿಶೇಷವೂ ಇಲ್ಲದ ಮಂಗಳವಾರ, ಬುಧವಾರದ ವ್ಯಾಪಾರ. ಮಧ್ಯಾಹ್ನದವರೆಗೂ ಬೋಣಿ ಆಗದ ದಿನಗಳು ಜಾಸ್ತಿಯಾಗಿವೆ. ಬಾಡಿಗೆ, ಕರೆಂಟ್ ಬಿಲ್, ಕೆಲಸದ ಹುಡುಗರ ಪಗಾರ ಹನ್ನೆರಡೂ ತಿಂಗಳು ಕೊಡಬೇಕಲ್ಲ, ಅದು ಬರುತ್ತಿದ್ದುದು ಈ ಸಾದಾ ದಿನಗಳಿಂದ.

ಮದುವೆ ಜವಳಿಯನ್ನೇ ತೆಗೆದುಕೊಳ್ಳಿ. ಕುಂದಗೋಳ, ಕಲಘಟಗಿ, ನವಲಗುಂದದ ಕಡೆಯಿಂದ ಇಡೀ ಮನೆತನ ಟೆಂಪೋ ಮಾಡಿಕೊಂಡು ಬರುತ್ತಿತ್ತು. ಬೆಳಿಗ್ಗೆ ಜವಳಿ ಸಾಲಿನಲ್ಲಿ ಹಾಸಿಗೆ ಮೇಲೆ ಕೂತರೆ ಮೇಲೇಳುವುದು ಊಟದ ಹೊತ್ತಿಗೆ. ಧಾರೆ ಸೀರೆ, ಬೀಗರ ಸೀರೆ, ಮುಯ್ಯಿಗೆ ಕೊಡುವ ಸೀರೆ, ಖಣ, ಅಣ್ಣತಮ್ಮಂದಿರ ಅಂಗಿ ಪ್ಯಾಂಟು. ಅಲ್ಲಿಂದ ಕಂಚಗಾರ ಗಲ್ಲಿಗೆ ಭಾಂಡೆ ನೋಡಲು. ಆಮೇಲೆ ಬಳೆ, ಚಪ್ಪಲಿ, ಬ್ಯಾಗು. ಸೀರೆಗೆ ಫಾಲ್ ಹಚ್ಚುವವರು, ಪಿಕೊ ಮಾಡುವವರು, ಬ್ಲೌಸ್ ಹೊಲಿಯುವವರು, ಗಂಟು ಹೊರುವ ಹಮಾಲ, ಸಂಜೆಯ ಗಿರ್ಮಿಟ್ ಮಿರ್ಚಿ ಅಂಗಡಿ, ಎಲ್ಲರಿಗೂ ಆ ಒಂದು ಟೆಂಪೋದಿಂದ ನಾಲ್ಕು ಕಾಸು ಸಿಗುತ್ತಿತ್ತು. ಈಗಲೂ ಧಾರೆ ಸೀರೆಗೆ ಬರುತ್ತಾರೆ. ಅದನ್ನು ಮುಟ್ಟಿ ನೋಡದೆ ಯಾವ ತಾಯಿಯೂ ತೆಗೆದುಕೊಳ್ಳಲ್ಲ. ಆದರೆ ಟೆಂಪೋ ಹೋಗಿ ಕಾರು ಆಗಿದೆ. ಅಂಗಿ, ಚಪ್ಪಲಿ, ವಾಚು, ಬ್ಯಾಗು ಎಲ್ಲಾ ಮೊದಲೇ ಮನೆಬಾಗಿಲಿಗೆ ಬಂದುಬಿಟ್ಟಿರುತ್ತವೆ.

ಜನರನ್ನು ಬೈಯಲು ಈ ಪತ್ರ ಬರೆಯುತ್ತಿಲ್ಲ. ಕಡಿಮೆ ಬೆಲೆಗೆ ಸಿಕ್ಕರೆ ಯಾರಾದರೂ ತೆಗೆದುಕೊಳ್ಳುತ್ತಾರೆ. ಹಳ್ಳಿಯಲ್ಲಿರುವ ಹುಡುಗಿಗೆ ಪರೀಕ್ಷೆಯ ಪುಸ್ತಕ, ಮೊಣಕಾಲು ನೋವಿನ ಅಜ್ಜನಿಗೆ ನೀಕ್ಯಾಪ್ ಮನೆಗೇ ಬರುತ್ತದೆ ಅಂದರೆ ಅದು ಒಳ್ಳೆಯದೇ. ಡೆಲಿವರಿ ಚೀಲ ಹೊತ್ತು ಓಡಾಡುವವರೂ ನಮ್ಮ ಊರಿನ ಹುಡುಗರೇ. ನನ್ನ ಪ್ರಶ್ನೆ ಇರುವುದು ಆ ಬೆಲೆ ಹೇಗೆ ಅಷ್ಟು ಕಡಿಮೆ ಆಯಿತು ಅನ್ನುವುದರ ಬಗ್ಗೆ.

ಒಂದು ಮಿಕ್ಸರ್ ಕಥೆ ಹೇಳುತ್ತೇನೆ. ಮನೆಬಳಕೆ ಸಾಮಾನು ಮಾರುವ ಸಾವ್ಕಾರರೊಬ್ಬರು ಡಿಸ್ಟ್ರಿಬ್ಯೂಟರ್ ಕೊಟ್ಟ ಖರೀದಿ ಬಿಲ್ಲನ್ನು ನನ್ನ ಮುಂದೆ ಇಟ್ಟರು. ಪಕ್ಕದಲ್ಲಿ ಮೊಬೈಲ್ ಇಟ್ಟರು. ಅದೇ ಕಂಪನಿ, ಅದೇ ಮಾಡೆಲ್, ಅಷ್ಟೇ ವಾಟ್ ಪವರ್. ಟ್ಯಾಕ್ಸ್ ಸೇರಿಸಿ ಅವರಿಗೆ ಬಿದ್ದ ದರಕ್ಕಿಂತ ಮೊಬೈಲಿನಲ್ಲಿ ಗಿರಾಕಿಗೆ ಮಾರುವ ದರ ಕಡಿಮೆ ಇತ್ತು. "ನಾನೂ ಅಲ್ಲೇ ತರಿಸಿ ಇಲ್ಲಿ ಇಟ್ಟು ಮಾರಿದ್ರ ನಾಕು ರೂಪಾಯಿ ಉಳೀತೈತಲ್ರಿ" ಅಂತ ನಕ್ಕರು. ಅವರು ತಮಾಷೆಗೆ ಅಂದರು. ಆದರೆ ಹಾಗೆ ಮಾಡಿದವರೂ ಇದ್ದಾರೆ. ಸೇಲ್ ಬಂದಾಗ ಆನ್‌ಲೈನಿನಿಂದ ತರಿಸಿ ಅಂಗಡಿಯಲ್ಲಿ ಜೋಡಿಸಿದ ಮಾಲಿನ ಬಿಲ್ಲುಗಳನ್ನು ನಾನೇ ಎಂಟ್ರಿ ಮಾಡಿದ್ದೇನೆ.

ಅಂದರೆ ಯಾರೋ ನಷ್ಟ ತುಂಬಿಕೊಡುತ್ತಿದ್ದಾರೆ, ಇಲ್ಲವೇ ತಯಾರಕರು ಅವರಿಗೊಂದು ದರ, ನಮ್ಮವರಿಗೊಂದು ದರ ಇಟ್ಟಿದ್ದಾರೆ. ಇದರಲ್ಲಿ ಅಂಗಡಿಕಾರನ ಜಾಣತನ, ಸೋಮಾರಿತನದ ಮಾತೇ ಬರಲ್ಲ. ವಿದೇಶಿ ಬಂಡವಾಳ ಇರುವ ಆನ್‌ಲೈನ್ ಕಂಪನಿ ನಮ್ಮ ದೇಶದಲ್ಲಿ ತಾನೇ ಮಾಲು ಇಟ್ಟುಕೊಂಡು ಜನರಿಗೆ ಮಾರುವಂತಿಲ್ಲ. ಮಾರುವವರನ್ನೂ ಕೊಳ್ಳುವವರನ್ನೂ ಸೇರಿಸಬೇಕು, ಅಷ್ಟೇ. ಸಂತೆ ಮೈದಾನದ ಯಜಮಾನ ತಾನೇ ಕಾಯಿಪಲ್ಲೆ ಗುಡ್ಡೆ ಹಾಕಿಕೊಂಡು ಕೂರುವಂತಿಲ್ಲ ಅಲ್ವಾ, ಹಾಗೆ. 2018ರ ಡಿಸೆಂಬರ್‌ನಲ್ಲಿ ನಿಮ್ಮದೇ ಸರ್ಕಾರ ಈ ನಿಯಮವನ್ನು ಬಿಗಿ ಮಾಡಿತು. ತಾನು ಪಾಲು ಇಟ್ಟಿರುವ ಮಾರಾಟಗಾರನ ಮಾಲನ್ನು ಅಲ್ಲಿ ಮಾರಿಸಬಾರದು, ನೇರವಾಗಿ ಆಗಲಿ ಸುತ್ತಿಬಳಸಿ ಆಗಲಿ ಬೆಲೆಯ ಮೇಲೆ ಪ್ರಭಾವ ಬೀರಬಾರದು ಅಂತ 2019ರ ಫೆಬ್ರವರಿ 1ರಿಂದ ಜಾರಿಯಾಯಿತು. ಕಾಗದದ ಮೇಲೆ ಬಹಳ ಚೊಲೋ ನಿಯಮ.

ವ್ಯಾಪಾರದಲ್ಲಿ ಪೈಪೋಟಿ ನ್ಯಾಯವಾಗಿ ನಡೆಯುತ್ತಿದೆಯಾ ಅಂತ ನೋಡುವ ಭಾರತೀಯ ಸ್ಪರ್ಧಾ ಆಯೋಗ 2020ರ ಜನವರಿಯಲ್ಲಿ ಅಮೆಜಾನ್ ಮತ್ತು ಫ್ಲಿಪ್‌ಕಾರ್ಟ್ ಬಗ್ಗೆ ತನಿಖೆಗೆ ಆದೇಶ ಮಾಡಿತು. ಕೆಲವೇ ಮಾರಾಟಗಾರರಿಗೆ ಒಲವು ತೋರಿಸುತ್ತಾರೆ, ಹೊಸ ಮೊಬೈಲ್‌ಗಳನ್ನು ತಮ್ಮಲ್ಲಿ ಮಾತ್ರ ಸಿಗುವಂತೆ ಮಾಡಿಕೊಳ್ಳುತ್ತಾರೆ, ಭಾರೀ ರಿಯಾಯಿತಿ ಕೊಡುತ್ತಾರೆ ಅನ್ನೋ ದೂರುಗಳು. ಕಂಪನಿಗಳು ಅವನ್ನು ಒಪ್ಪಿಲ್ಲ. ತನಿಖೆ ಕರ್ನಾಟಕ ಹೈಕೋರ್ಟಿನಲ್ಲಿ ನಿಂತಿತು, 2021ರಲ್ಲಿ ಮುಂದುವರಿಯಿತು, 2024ರಲ್ಲಿ ವರದಿ ಬಂದ ಮೇಲೆ ಮತ್ತೆ ಕೋರ್ಟಿಗೆ ಹೋಯಿತು. 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಬೇರೆ ಬೇರೆ ರಾಜ್ಯಗಳ ಅರ್ಜಿಗಳನ್ನೂ ಕರ್ನಾಟಕ ಹೈಕೋರ್ಟಿಗೇ ಕಳಿಸಿತು. ಅಷ್ಟರಲ್ಲಿ ಮೊಬೈಲ್ ಅಂಗಡಿಯವರು ಹೊಸ ಮೊಬೈಲ್ ಬಿಟ್ಟು ಕವರ್, ಗ್ಲಾಸ್, ಚಾರ್ಜರ್, ರಿಪೇರಿಗೆ ಇಳಿದಿದ್ದಾರೆ. ಕೋರ್ಟಿನ ವಿಷಯ ನಿಮ್ಮ ಕೈಯಲ್ಲಿಲ್ಲ, ಅದು ನಿಮ್ಮ ಖಾತೆಯೂ ಅಲ್ಲ. ಸರಿ, ನಿಮ್ಮ ಖಾತೆಗೇ ಬರುತ್ತೇನೆ.

ದುರ್ಗದ ಬೈಲಿನಲ್ಲಿ ಎಲೆಕ್ಟ್ರಾನಿಕ್ ತಕ್ಕಡಿ ಇಟ್ಟವರು ವರ್ಷಕ್ಕೊಮ್ಮೆ ಅದನ್ನು ತೂಕ ಅಳತೆ ಇಲಾಖೆಗೆ ತೋರಿಸಿ ಮುದ್ರೆ ಹಾಕಿಸಬೇಕು. ಬಟ್ಟೆ ಅಂಗಡಿಯ ಮೀಟರ್ ಕೋಲಿಗೂ ಎರಡು ವರ್ಷಕ್ಕೊಮ್ಮೆ ಮುದ್ರೆ ಬೇಕು. ಇಲ್ಲದಿದ್ದರೆ ದಂಡ. ಇದು ಸರಿಯಾದ ಕಾನೂನು, ನನ್ನದೇನೂ ತಕರಾರಿಲ್ಲ. ಈಗ ಮೊಬೈಲ್ ತೆಗೆಯಿರಿ. ಒಂದು ಕುರ್ತಾ. 2,499 ಅಂತ ಬರೆದು ಗೀಟು ಹೊಡೆದಿರುತ್ತಾರೆ, ಪಕ್ಕದಲ್ಲಿ 499. ಆ 2,499ಕ್ಕೆ ಆ ಕುರ್ತಾವನ್ನು ಎಲ್ಲಾದರೂ, ಎಂದಾದರೂ, ಒಬ್ಬರಾದರೂ ಕೊಂಡಿದ್ದರಾ? ಅದನ್ನು ಯಾವ ಇನ್‌ಸ್ಪೆಕ್ಟರ್ ಬಂದು ನೋಡುತ್ತಾರೆ? ಕೆಳಗೆ "ಎರಡೇ ಉಳಿದಿವೆ" ಅಂತ ಕೆಂಪು ಅಕ್ಷರ. ನಾಳೆ ನೋಡಿದರೂ ಎರಡೇ.

ಇಂಥ ಕಣ್ಣುಕಟ್ಟಿಗೆ ನಿಮ್ಮ ಇಲಾಖೆ ಡಾರ್ಕ್ ಪ್ಯಾಟರ್ನ್ ಅಂತ ಹೆಸರಿಟ್ಟು, 2023ರ ನವೆಂಬರ್ 30ರಂದು 13 ಬಗೆಗಳನ್ನು ಪಟ್ಟಿ ಮಾಡಿ ನಿಷೇಧಿಸಿತು. ಸುಳ್ಳು ಅವಸರ ಹುಟ್ಟಿಸುವುದು ಆ ಪಟ್ಟಿಯಲ್ಲಿದೆ. ಕೇಳದ ವಸ್ತುವನ್ನು ಬುಟ್ಟಿಗೆ ತುರುಕುವುದು, ಕೊನೆಗೆ ಬಂದಾಗ ಹೊಸ ಚಾರ್ಜ್ ಸೇರಿಸುವುದು ಕೂಡ ಇದೆ. 2025ರ ಜೂನ್‌ನಲ್ಲಿ ಕಂಪನಿಗಳು ಮೂರು ತಿಂಗಳೊಳಗೆ ತಮ್ಮನ್ನು ತಾವೇ ತಪಾಸಣೆ ಮಾಡಿಕೊಳ್ಳಲಿ ಅಂತ ಸೂಚನೆ ಹೋಯಿತು. ಜೋಶಿಯವರೇ, ಕಾಯಿಪಲ್ಲೆ ಮಾರುವ ಅಜ್ಜಿಗೆ ತನ್ನ ತಕ್ಕಡಿಗೆ ತಾನೇ ಮುದ್ರೆ ಒತ್ತಿಕೊಳ್ಳುವ ಅನುಕೂಲ ಯಾರೂ ಕೊಟ್ಟಿಲ್ಲ.

ಇನ್ನೊಂದು ಕಾಗದ ನಿಮ್ಮ ಇಲಾಖೆಯಲ್ಲೇ ಇದೆ. 2020ರ ಇ-ಕಾಮರ್ಸ್ ನಿಯಮಗಳಿಗೆ ತಿದ್ದುಪಡಿ ಮಾಡಲು 2021ರ ಜೂನ್‌ನಲ್ಲಿ ಒಂದು ಕರಡು ಹೊರಬಂತು. ಬೇರೆ ವ್ಯಾಪಾರಿಗಳನ್ನು ಹೊರಗಿಡುವಂಥ ಫ್ಲ್ಯಾಶ್ ಸೇಲ್ (ಸ್ವಲ್ಪ ಹೊತ್ತಿನ ಭಾರೀ ರಿಯಾಯಿತಿ ಮಾರಾಟ) ಬೇಡ, ಕಂಪನಿಯ ಸಂಬಂಧಿ ಸಂಸ್ಥೆಗಳು ಅಲ್ಲಿ ಮಾರಾಟಗಾರರಾಗುವುದು ಬೇಡ, ಮಾರಾಟಗಾರ ಕೈಕೊಟ್ಟರೆ ಕಂಪನಿಯೇ ಗ್ರಾಹಕರಿಗೆ ಹೊಣೆಯಾಗಲಿ ಅಂತೆಲ್ಲ ಅದರಲ್ಲಿತ್ತು. ಜುಲೈ 21ರವರೆಗೆ ಅಭಿಪ್ರಾಯ ಕೇಳಿದರು. ಆಮೇಲೆ ಅದು ಕರಡಾಗಿಯೇ ಉಳಿಯಿತು. ಅದರಲ್ಲಿದ್ದದ್ದೆಲ್ಲ ಸರಿ ಅಂತ ನಾನು ಹೇಳಲ್ಲ. ಕೆಲವು ಮಾತು ತೀರಾ ಬಿಗಿಯಾಗಿದ್ದವು. ಬೇಕಾದ್ದು ಇಟ್ಟುಕೊಂಡು ಬೇಡದ್ದು ಬಿಡಿ. ಆದರೆ ಒಂದು ತೀರ್ಮಾನ ಮಾಡಿ.

ನಮ್ಮ ಅಂಗಡಿಯವರೂ ಸಾಚಾ ಅಲ್ಲ. ಬಿಲ್ಲು ಕೇಳಿದರೆ ಮುಖ ಸಿಂಡರಿಸುವವರಿದ್ದಾರೆ. "ಮಾರಿದ ಮಾಲು ವಾಪಸ್ ತೆಗೆದುಕೊಳ್ಳುವುದಿಲ್ಲ" ಅನ್ನೋ ಬೋರ್ಡು ಇವತ್ತಿಗೂ ಗಲ್ಲೆ ಹಿಂದೆ ನೇತಾಡುತ್ತದೆ. ದೋಷ ಇರುವ ಮಾಲನ್ನು ಬಿಲ್ ಕೊಟ್ಟ ಮೇಲೆ ವಾಪಸ್ ತೆಗೆದುಕೊಳ್ಳದೆ ಹಟ ಮಾಡುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ತಪ್ಪು ಅಂತ ನಾನು ಹೇಳಿದರೆ, "ನೀವು ಲೆಕ್ಕ ಅಷ್ಟ ಬರೀರಿ" ಅನ್ನುತ್ತಾರೆ. ಆನ್‌ಲೈನಿನಲ್ಲಿ ಒಂದು ಗುಂಡಿ ಒತ್ತಿದರೆ ಮನೆಗೇ ಬಂದು ವಾಪಸ್ ಒಯ್ಯುತ್ತಾರೆ. ಗಿರಾಕಿ ಅಲ್ಲಿಗೆ ಹೋದದ್ದು ಬೆಲೆಗೆ ಮಾತ್ರ ಅಲ್ಲ, ಈ ಮರ್ಯಾದೆಗೂ ಹೋದರು. ಸಾವ್ಕಾರರು ಇದನ್ನು ಓದಿ ಬೇಜಾರಾದರೆ ಆಗಲಿ.

ಆದರೆ ಅವರು ಬದಲಾಗಲು ಹೊರಟಾಗ ಏನಾಯಿತು ನೋಡಿ. ಸರ್ಕಾರ ಹೇಳಿತು ಅಂತ ಬಾಳೆಹಣ್ಣಿನ ಗಾಡಿಯವರೂ ಸ್ಕ್ಯಾನರ್ ಇಟ್ಟರು. 2025ರ ಜುಲೈನಲ್ಲಿ ಆ ಯುಪಿಐ ಲೆಕ್ಕ ಹಿಡಿದೇ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ನೋಟಿಸ್ ಕಳಿಸಿತು. ಪಕ್ಕದ ಹಾವೇರಿಯಲ್ಲಿ ತರಕಾರಿ ಮಾರುವವರೊಬ್ಬರಿಗೆ 29 ಲಕ್ಷ ರೂಪಾಯಿ ಕಟ್ಟಿ ಅಂತ ಬಂತು. ತಾಜಾ ತರಕಾರಿಗೆ ಜಿಎಸ್‌ಟಿಯೇ ಇಲ್ಲ! ಆ ವಾರಗಳಲ್ಲಿ ನನ್ನ ಫೋನು ಬಿಡುವಿಲ್ಲದೆ ಬಡಿದುಕೊಂಡಿತು. ಸ್ಕ್ಯಾನರ್ ಕಿತ್ತು "ಕ್ಯಾಶ್ ಮಾತ್ರ" ಅಂತ ಬರೆದು ಅಂಟಿಸಿದರು. ನಿಜವಾಗಿ ತೆರಿಗೆ ಕಟ್ಟಬೇಕಾದವರೂ ಅವರಲ್ಲಿ ಇದ್ದರು, ಅದನ್ನು ಮುಚ್ಚಿಡುವುದಿಲ್ಲ. ಮುಖ್ಯಮಂತ್ರಿಗಳು ಸಭೆ ಕರೆದ ಮೇಲೆ ಗಲಾಟೆ ತಣ್ಣಗಾಯಿತು. ಅದು ರಾಜ್ಯದ ವಿಷಯ ಅಂತ ನೀವು ಹೇಳಬಹುದು. ಹಾಗಾದರೆ ಕೇಂದ್ರದ್ದೊಂದು ಹೇಳುತ್ತೇನೆ.

ವರ್ಷಕ್ಕೆ 40 ಲಕ್ಷದೊಳಗೆ ಮಾಲು ಮಾರುವವರಿಗೆ ಜಿಎಸ್‌ಟಿ ನೋಂದಣಿ ಬೇಕಿಲ್ಲ. 2023ರ ಅಕ್ಟೋಬರ್ 1ರಿಂದ ಇಂಥವರು ಆನ್‌ಲೈನ್ ವೇದಿಕೆಗಳಲ್ಲೂ ಮಾರಬಹುದು, ಆದರೆ ರಾಜ್ಯದೊಳಗೆ ಮಾತ್ರ. ಮಹಾರಾಷ್ಟ್ರದ ಕೊಲ್ಲಾಪುರದ ಹೆಣ್ಣುಮಗಳು ರೈಲು ಹತ್ತಿ ಹುಬ್ಬಳ್ಳಿಗೆ ಬಂದು ಜವಳಿ ಸಾಲಿನಲ್ಲಿ ರೆಡಿಮೇಡ್ ಕುರ್ತಾ ಕೊಂಡರೆ ಅಂಗಡಿಯವರಿಗೆ ನೋಂದಣಿ ಬೇಡ. ಅದೇ ಕುರ್ತಾವನ್ನು ಅವಳು ಫೋನಿನಲ್ಲಿ ನೋಡಿ ಕೊಲ್ಲಾಪುರಕ್ಕೆ ತರಿಸಿಕೊಂಡರೆ ಮೊದಲ ರೂಪಾಯಿಯಿಂದಲೇ ನೋಂದಣಿ, ರಿಟರ್ನ್, ಲೇಟಾದರೆ ದಂಡ. ನನಗಂತೂ ಕೆಲಸ ಸಿಗುತ್ತದೆ, ನಾನು ದೂರಬಾರದು. ಆದರೆ "ನೀವೂ ಆನ್‌ಲೈನ್ ಆಗಿ" ಅಂತ ವೇದಿಕೆ ಮೇಲೆ ಭಾಷಣ ಮಾಡುವವರು ಇದನ್ನು ಒಮ್ಮೆ ಓದಬೇಕು. ಜಿಎಸ್‌ಟಿ ಮಂಡಳಿಯಲ್ಲಿ ನೀವು ಕೂರುವುದಿಲ್ಲ, ಆದರೆ ಹಣಕಾಸು ಸಚಿವರ ಜೊತೆ ಒಂದೇ ಸಂಪುಟದಲ್ಲಿ ಕೂರುತ್ತೀರಿ.

ಸಂಸದರಾಗಿ ಮಾಡಬೇಕಾದ್ದೂ ಒಂದಿದೆ. ಮೇಲ್ಸೇತುವೆ ಕೆಲಸಕ್ಕೆ 2025ರಲ್ಲಿ ಹಳೇ ಬಸ್ ನಿಲ್ದಾಣ ಮುಚ್ಚಿದಾಗ ಹಳ್ಳಿಯ ಗಿರಾಕಿಗಳು ಬಜಾರದ ದಾರಿ ಬಿಟ್ಟರು. ಬಿಟ್ಟವರೆಲ್ಲ ತಿರುಗಿ ಬಂದಿಲ್ಲ. ಕೊಪ್ಪಿಕರ್ ರಸ್ತೆಯಲ್ಲಿ ಸ್ಕೂಟರ್ ನಿಲ್ಲಿಸಲು ಜಾಗ ಸಿಗಲ್ಲ. ಬೆಳಗಿನಿಂದ ಸಂಜೆವರೆಗೆ ಜವಳಿ ತೆಗೆಯುವ ಹೆಣ್ಣುಮಕ್ಕಳಿಗೆ ಶುಚಿಯಾದ ಶೌಚಾಲಯ ಹುಡುಕಬೇಕು. ಇದು ಪಾಲಿಕೆಯ ಕೆಲಸ, ಸರಿ. ಆದರೆ ನೀವು ಒಂದು ಮಾತು ಹೇಳಿದರೆ ಪಾಲಿಕೆಯಲ್ಲಿ ಕಡತ ಎಷ್ಟು ಬೇಗ ಓಡುತ್ತದೆ ಅನ್ನೋದು ಊರಿಗೆಲ್ಲ ಗೊತ್ತು.

ಆನ್‌ಲೈನ್ ನಿಲ್ಲಿಸಿ ಅಂತ ಯಾರೂ ಕೇಳುತ್ತಿಲ್ಲ, ಸಬ್ಸಿಡಿಯೂ ಬೇಡ. 2021ರ ಕರಡು ಏನಾಯಿತು, ಗೀಟು ಹೊಡೆದ ಬೆಲೆಯನ್ನು ಯಾರು ತಪಾಸಣೆ ಮಾಡುತ್ತಾರೆ, 13 ಬಗೆಯ ಕಣ್ಣುಕಟ್ಟಿಗೆ ಇದುವರೆಗೆ ಎಷ್ಟು ಕಂಪನಿಗಳಿಗೆ ಎಷ್ಟು ದಂಡ ಬಿತ್ತು, ಇಷ್ಟಕ್ಕೆ ನಿಮ್ಮ ಕಚೇರಿಯಿಂದ ಲಿಖಿತ ಉತ್ತರ ಕೊಡಿಸಿ. ಕನ್ನಡದಲ್ಲೇ ಇರಲಿ. ಅದರ ಝೆರಾಕ್ಸ್ ತೆಗೆಸಿ ಅಂಗಡಿ ಅಂಗಡಿಗೆ ನಾನೇ ಹಂಚುತ್ತೇನೆ.

ಇಂತಿ ನಿಮ್ಮ ಕ್ಷೇತ್ರದ ಒಬ್ಬ ಮತದಾರ,
ಅಂಗಡಿಗಳ ಲೆಕ್ಕ ಬರೆಯುವವನು,
ಹುಬ್ಬಳ್ಳಿ